ಡಿಶ್ ಕೇಬಲನ್ನು ನೇರವಾಗಿ ಟಿವಿಗೆ ಸಿಕ್ಕಿಸಿದರೆ ಚಾನೆಲ್ ಬರುವುದಿಲ್ಲವೇಕೆ?

ಪ್ರಶ್ನೆ: ಶಿರಸಿ ಹತ್ತಿರದ ಹಳ್ಳಿಯಲ್ಲಿ ಅಪ್ಪ ಅಮ್ಮ ಇಬ್ಬರೇ ಇದ್ದಾರೆ. ಮನೆಯ ಮೇಲೆ ಟಾಟಾ ಪ್ಲೇಯ ಹಳೆಯ ಡಿಶ್ ಇದೆ, ರೀಚಾರ್ಜ್ ನಿಲ್ಲಿಸಿ ಎರಡು ವರ್ಷವಾಯಿತು. ಅಪ್ಪನಿಗೆ ಬೇಕಾದದ್ದು ಚಂದನದ ವಾರ್ತೆ ಮಾತ್ರ. ಕಳೆದ ವಾರ ಹೊಸ ಟಿವಿ ಒಯ್ದೆ. ಡಿಶ್ ಕೇಬಲಿನ ತುದಿ ಟಿವಿಯ ಕಿಂಡಿಗೆ ಕೂರಲೆಂದು ಅಂಗಡಿಯವರು ಕೊಟ್ಟ ಪಿನ್ ಹಾಕಿ, ಡಿಶ್‌ನಿಂದ ಇಳಿದ ಕೇಬಲನ್ನು ಟಿವಿಯ ಹಿಂದಿನ ಆಂಟೆನಾ ಕಿಂಡಿಗೆ ಸಿಕ್ಕಿಸಿದೆ. ಅರ್ಧ ಗಂಟೆ ಹುಡುಕಿದ ಟಿವಿ ಒಂದು ಚಾನೆಲನ್ನೂ ತೋರಿಸಲಿಲ್ಲ. ಕೆಟ್ಟಿರುವುದು ಡಿಶ್ಶೋ ಟಿವಿಯೋ?

ಉತ್ತರ: ಎರಡೂ ಕೆಟ್ಟಿಲ್ಲ. ಇಪ್ಪತ್ತು ವರ್ಷದಿಂದ ಡಿಶ್ ಕಟ್ಟುತ್ತಿದ್ದೇನೆ, ತಿಂಗಳಿಗೆ ಒಬ್ಬರಾದರೂ ಇದೇ ಪಿನ್ ಹಿಡಿದು ಬರುತ್ತಾರೆ. ಆ ಪಿನ್ ಮಾರುವವರ ಮೇಲೆ ನನಗೆ ಸ್ವಲ್ಪ ಸಿಟ್ಟೇ ಇದೆ.

ಡಿಶ್‌ನ ಕೋಲಿನ ತುದಿಯಲ್ಲಿರುವ ಎಲ್‌ಎನ್‌ಬಿ ಎಂಬ ಪುಟ್ಟ ಡಬ್ಬಿಗೆ ವಿದ್ಯುತ್ ಬೇಕು. ಅದು ಹೋಗುವುದು ಅದೇ ಕೇಬಲಿನಲ್ಲಿ, ಕೆಳಗಿನಿಂದ ಮೇಲಕ್ಕೆ: 13 ವೋಲ್ಟ್ ಕೊಟ್ಟರೆ ಲಂಬ ಅಲೆಗಳನ್ನು ಹಿಡಿಯುತ್ತದೆ, 18 ಕೊಟ್ಟರೆ ಅಡ್ಡ ಅಲೆಗಳನ್ನು. ಟಿವಿಯ ಆಂಟೆನಾ ಕಿಂಡಿಯಿಂದ ಒಂದು ವೋಲ್ಟೂ ಹೊರಡುವುದಿಲ್ಲ, ಹಾಗಾಗಿ ನಿಮ್ಮ ಎಲ್‌ಎನ್‌ಬಿ ನಿದ್ದೆಯಲ್ಲೇ ಇತ್ತು. ಎಚ್ಚರವಿದ್ದರೂ ಅದು ಕಳುಹಿಸುವುದು 950ರಿಂದ 2150 ಮೆಗಾಹರ್ಟ್ಸ್ ನಡುವಿನ ಸಂಕೇತ, ಆಂಟೆನಾ ಕಿಂಡಿ ಕೇಳಿಸಿಕೊಳ್ಳುವುದು ಸುಮಾರು 860ರವರೆಗೆ. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುವ ಸಾಧ್ಯತೆಯೇ ಇಲ್ಲ.

ನಡುವೆ ಒಂದು ಸೆಟ್‌ಟಾಪ್ ಬಾಕ್ಸ್ ಬೇಕು. ಡಿಶ್‌ನ ಕೇಬಲ್ ಬಾಕ್ಸಿಗೆ, ಬಾಕ್ಸಿನಿಂದ ಎಚ್‌ಡಿಎಂಐ ಕೇಬಲ್ ಟಿವಿಗೆ. ಹಳೆಯ ದಪ್ಪ ಟಿವಿಯಾದರೆ ಹಳದಿ, ಕೆಂಪು, ಬಿಳಿ ತಂತಿ. ಅಪ್ಪನಿಗೆ ಬೇಕಾದ ಚಂದನ ಡಿಡಿ ಫ್ರೀ ಡಿಶ್‌ನಲ್ಲಿ ಬರುತ್ತದೆ, ಅದು ಪ್ರಸಾರ ಭಾರತಿಯ ಮಾಸಿಕ ಶುಲ್ಕವಿಲ್ಲದ ಉಪಗ್ರಹ ಸೇವೆ. ಎಂಪೆಗ್-4 (ಚಿತ್ರವನ್ನು ಕುಗ್ಗಿಸಿ ಕಳುಹಿಸುವ ಹೊಸ ವಿಧಾನ) ಎಂದು ಬರೆದಿರುವ ಫ್ರೀ ಡಿಶ್ ಬಾಕ್ಸನ್ನೇ ಕೊಳ್ಳಿ, ಹಳೆಯ ಎಂಪೆಗ್-2 ಬಾಕ್ಸಿನಲ್ಲಿ ಹಲವು ಚಾನೆಲ್‌ಗಳು ಕಾಣುವುದೇ ಇಲ್ಲ. ನಿಮ್ಮ ಹಳೆಯ ಬಾಕ್ಸ್ ಅದರದೇ ಕಂಪನಿಯ ಸೇವೆಗೆ ಬೀಗ ಹಾಕಿಕೊಂಡದ್ದು, ಇಲ್ಲಿ ಪ್ರಯೋಜನವಿಲ್ಲ. ಅಂದಹಾಗೆ, ಕೆಲವು ಹೊಸ ಟಿವಿಗಳಲ್ಲಿ ಉಪಗ್ರಹ ಟ್ಯೂನರ್ ಒಳಗೇ ಇರುತ್ತದೆ. ಹಿಂದೆ ತಿರುಪು ಹಾಕುವ ಎರಡನೆಯ ಕಿಂಡಿ ಇದ್ದು, ಕೈಪಿಡಿಯಲ್ಲಿ ಡಿವಿಬಿ-ಎಸ್2 ಎಂದಿದ್ದರೆ ಬಾಕ್ಸ್ ಕೊಳ್ಳುವ ಮೊದಲು ಅಲ್ಲೇ ಜೋಡಿಸಿ ನೋಡಿ.

ಪ್ರಶ್ನೆ ಕೇಳಿದವರು: ಟಿವಿಯಲ್ಲಿ ಆ ಕಿಂಡಿ ಇಲ್ಲ, ಬಾಕ್ಸ್ ತಂದೆ. ಈಗ ಸ್ಟ್ರೆಂತ್ 82 ತೋರಿಸುತ್ತದೆ, ಕ್ವಾಲಿಟಿ ಸೊನ್ನೆ. ಸಂಕೇತ ಚೆನ್ನಾಗಿಯೇ ಇದೆಯಲ್ಲ, ಚಿತ್ರ ಏಕಿಲ್ಲ?

ಉತ್ತರ: ಸ್ಟ್ರೆಂತ್ ಪಟ್ಟಿಯನ್ನು ನಂಬಬೇಡಿ. ಎಲ್‌ಎನ್‌ಬಿಗೆ ವಿದ್ಯುತ್ ಸಿಕ್ಕರೆ ಸಾಕು, ಡಿಶ್ ಹಲಸಿನ ಮರವನ್ನು ನೋಡುತ್ತಿದ್ದರೂ ಅದು ಏರಿ ಕುಳಿತುಕೊಳ್ಳುತ್ತದೆ. ಕೇಬಲ್ ಸರಿಯಿದೆ ಎಂದಷ್ಟೇ ಅದರ ಅರ್ಥ. ಕಣ್ಣಿಡಬೇಕಾದದ್ದು ಕ್ವಾಲಿಟಿಯ ಮೇಲೆ.

ನಿಮ್ಮ ಡಿಶ್ ಈಗಲೂ ಹಳೆಯ ಯಜಮಾನನನ್ನೇ ನೋಡುತ್ತಿದೆ. ಟಾಟಾ ಪ್ಲೇಯ ಉಪಗ್ರಹಗಳಿರುವುದು 83 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಡಿಡಿ ಫ್ರೀ ಡಿಶ್ ಬರುವುದು 93.5 ಡಿಗ್ರಿಯಲ್ಲಿರುವ ಜಿಸ್ಯಾಟ್-15ರಿಂದ. 2015ರ ನವೆಂಬರಿನಲ್ಲಿ ಫ್ರೆಂಚ್ ಗಯಾನಾದಿಂದ ಮೇಲೆ ಹೋದ ಉಪಗ್ರಹ ಅದು, ಅದರ ಕಡಿವಾಣ ನಮ್ಮ ಹಾಸನದ ನಿಯಂತ್ರಣ ಕೇಂದ್ರದಲ್ಲಿದೆ. (ನಿಮ್ಮದು ಸನ್ ಡೈರೆಕ್ಟ್ ಡಿಶ್ ಆಗಿದ್ದರೆ ಈ ಕಷ್ಟವೇ ಇರುತ್ತಿರಲಿಲ್ಲ, ಅದೂ ನೋಡುವುದು ಅದೇ ದಿಕ್ಕನ್ನು.)

ಶಿರಸಿಯಿಂದ ಲೆಕ್ಕ ಹಾಕಿದರೆ ಹಳೆಯ ಉಪಗ್ರಹ ಉತ್ತರದಿಂದ ಪೂರ್ವದ ಕಡೆಗೆ ಎಣಿಸಿದರೆ 150 ಡಿಗ್ರಿಯಲ್ಲಿದೆ, ದಿಗಂತದಿಂದ ಎತ್ತರ 70 ಡಿಗ್ರಿ. ಹೊಸದು 127 ಡಿಗ್ರಿಯಲ್ಲಿ, ಎತ್ತರ 62. ಅಂದರೆ ಡಿಶ್ಶನ್ನು ಪೂರ್ವದ ಕಡೆಗೆ ಸುಮಾರು 23 ಡಿಗ್ರಿ ತಿರುಗಿಸಿ, ಬ್ರಾಕೆಟ್ಟಿನ ಅಳತೆಯಲ್ಲಿ 8 ಡಿಗ್ರಿ ತಗ್ಗಿಸಬೇಕು. ಡಿಶ್‌ನ ಮುಖ ನೋಡಿ ಎತ್ತರ ಅಂದಾಜು ಮಾಡಲು ಹೋಗಬೇಡಿ. ಇದು ಆಫ್‌ಸೆಟ್ ಡಿಶ್, ನಿಜವಾಗಿ ನೋಡುವುದಕ್ಕಿಂತ ತುಂಬ ಕೆಳಗೆ ನೋಡಿದಂತೆ ಕಾಣುತ್ತದೆ. ದಿಕ್ಸೂಚಿಯನ್ನು ತಗಡಿನಿಂದ ನಾಲ್ಕು ಹೆಜ್ಜೆ ದೂರ ನಿಂತು ಹಿಡಿಯಿರಿ, ಕಬ್ಬಿಣದ ಹತ್ತಿರ ಮೊಬೈಲಿನ ದಿಕ್ಸೂಚಿ ಸುಳ್ಳು ಹೇಳುತ್ತದೆ.

ನಟ್ಟುಗಳನ್ನು ಡಿಶ್ ಕೈಯೊತ್ತಿಗೆ ಅಲುಗಾಡುವಷ್ಟು ಮಾತ್ರ ಸಡಿಲಿಸಿ. ಒಂದು ಬೆರಳಿನಷ್ಟು ಸರಿಸಿ, ಐದು ಸೆಕೆಂಡ್ ಕಾಯಿರಿ, ಮತ್ತೆ ಸರಿಸಿ. ಬಾಕ್ಸ್ ಸಂಕೇತವನ್ನು ಗುರುತಿಸಲು ಸಮಯ ತೆಗೆದುಕೊಳ್ಳುತ್ತದೆ, ಅವಸರದವರು ಸರಿಯಾದ ಜಾಗವನ್ನು ದಾಟಿಯೇ ಹೋಗುತ್ತಾರೆ. ಕೆಳಗೆ ಟಿವಿಯ ಮುಂದೆ ಅಮ್ಮನನ್ನು ಕೂರಿಸಿ, ಫೋನಿನಲ್ಲಿ ಕ್ವಾಲಿಟಿ ಅಂಕಿ ಮಾತ್ರ ಓದಲು ಹೇಳಿ.

ಎಲ್‌ಎನ್‌ಬಿ ಮೇಲೆ 9750/10600 ಎಂದು (ಅದರೊಳಗಿನ ಆವರ್ತನಗಳು, ಮೆಗಾಹರ್ಟ್ಸ್ ಲೆಕ್ಕದಲ್ಲಿ) ಇದೆಯೇ ನೋಡಿಕೊಳ್ಳಿ, ಬಾಕ್ಸಿನ ಮೆನುವಿನಲ್ಲೂ ಅದೇ ಇರಲಿ. 10600 ಒಂದೇ ಇದ್ದರೆ ಎಲ್‌ಎನ್‌ಬಿ ಬದಲಿಸಬೇಕು. ಕೇಬಲ್ ಬಿಚ್ಚುವ ಮುನ್ನ ಬಾಕ್ಸಿನ ವಿದ್ಯುತ್ ತೆಗೆಯಿರಿ. ಪಾಚಿ ಹಿಡಿದ ಹೆಂಚಿನ ಮೇಲೆ ಒಬ್ಬರೇ ಹತ್ತಬೇಡಿ.

ಇನ್ನೊಬ್ಬ ಸದಸ್ಯರು: ನಮ್ಮ ಊರಿನಲ್ಲಿ ಒಬ್ಬರು ಫ್ರೀ ಡಿಶ್‌ಗೆ ವರ್ಷಕ್ಕೊಮ್ಮೆ ರೀಚಾರ್ಜ್ ಎಂದು ಹಣ ಪಡೆಯುತ್ತಾರೆ. ಹಾಗಿದೆಯೇ?

ಉತ್ತರ: ಇಲ್ಲ. ಡಿಶ್, ಬಾಕ್ಸ್, ಕೂಲಿ ಒಮ್ಮೆ ಕೊಟ್ಟರೆ ಮುಗಿಯಿತು. ಪ್ರಸಾರ ಭಾರತಿ 2004ರ ಡಿಸೆಂಬರಿನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಇದನ್ನು ಶುರುಮಾಡಿದಾಗಿನಿಂದಲೂ ಮಾಸಿಕ ಶುಲ್ಕವಿಲ್ಲ. ಖಾಸಗಿ ಚಾನೆಲ್‌ಗಳು ಹರಾಜಿನಲ್ಲಿ ಜಾಗ ಹಿಡಿಯುತ್ತವೆ, ಆದ್ದರಿಂದ ಪಟ್ಟಿ ಆಗಾಗ ಬದಲಾಗುತ್ತದೆ. ಒಂದು ಬೆಳಗ್ಗೆ ಚಾನೆಲ್ ಮಾಯವಾದರೆ ನೀವೇ ಮೆನುವಿಗೆ ಹೋಗಿ ಆಟೋ ಸ್ಕ್ಯಾನ್ ಒತ್ತಿ. ನಿಮ್ಮ ಊರಿನವರು ಆ ಒಂದು ಗುಂಡಿ ಒತ್ತುವುದಕ್ಕೇ ಹಣ ಪಡೆಯುತ್ತಿರಬೇಕು. ಒಂದು ಮಾತು ಮಾತ್ರ ಮೊದಲೇ ಹೇಳಿಬಿಡುತ್ತೇನೆ: ಪಟ್ಟಿಯಲ್ಲಿ ಹಿಂದಿಯದೇ ಕಾರುಬಾರು. ಚಂದನ ಬರುತ್ತದೆ, ಆಕಾಶವಾಣಿಯೂ ಬರುತ್ತದೆ. ಆದರೆ ಕನ್ನಡದ ಎಲ್ಲ ಧಾರಾವಾಹಿ ಚಾನೆಲ್‌ಗಳೂ ಬರುತ್ತವೆ ಎಂದುಕೊಂಡು ಹಣ ಹಾಕಬೇಡಿ.

ಪ್ರಶ್ನೆ ಕೇಳಿದವರು: ಕ್ವಾಲಿಟಿ ಬಂತು! ಆದರೆ 35ರ ಮೇಲೆ ಏರುತ್ತಿಲ್ಲ. ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ಆ ಕಡೆ ಅಡಿಕೆ ತೋಟವೂ ಇದೆ.

ಉತ್ತರ: ಮರದ ಮೇಲೆ ಅನುಮಾನ ಪಡುವ ಮೊದಲು ಎಲ್‌ಎನ್‌ಬಿಯನ್ನು ಅದರ ಹಿಡಿಕೆಯಲ್ಲೇ ತಿರುಚಿ. ಉಪಗ್ರಹ ಬದಲಾದರೆ ಅಲೆಗಳ ಓರೆಯೂ ಬದಲಾಗುತ್ತದೆ, ಇದನ್ನು ಕೆಲಸಗಾರರೂ ಮರೆಯುತ್ತಾರೆ. ಡಿಶ್‌ನ ಬೆನ್ನ ಹಿಂದೆ ನಿಂತು ಆಕಾಶ ನೋಡುವವರ ಲೆಕ್ಕದಲ್ಲಿ, ಗಡಿಯಾರದ ವಿರುದ್ಧ ದಿಕ್ಕಿಗೆ ಇನ್ನೂ ಸುಮಾರು 20 ಡಿಗ್ರಿ.

ತೋಟದ ವಿಷಯಕ್ಕೆ ಸೂರ್ಯನನ್ನೇ ಕೇಳಬಹುದು. ಮಾರ್ಚ್ ಮಧ್ಯದಲ್ಲಿ ಮತ್ತು ಸೆಪ್ಟೆಂಬರ್ ಕೊನೆಯಲ್ಲಿ ಕೆಲವು ದಿನ, ಬೆಳಗ್ಗೆ ಹನ್ನೊಂದರ ಆಸುಪಾಸಿನಲ್ಲಿ, ಸೂರ್ಯ ಸರಿಯಾಗಿ ಈ ಉಪಗ್ರಹದ ಬೆನ್ನ ಹಿಂದೆ ಹಾದುಹೋಗುತ್ತಾನೆ. ಆಗ ಡಿಶ್ ಮೇಲೆ ಬಿಸಿಲು ಬಿದ್ದರೆ ದಾರಿ ಖುಲ್ಲಾ, ಅಡಿಕೆ ಸೋಗೆಯ ನೆರಳು ಬಿದ್ದರೆ ಡಿಶ್ ಜಾಗ ಬದಲಿಸಿ. ಅದೇ ದಿನಗಳಲ್ಲಿ ಸೂರ್ಯನ ಗದ್ದಲಕ್ಕೆ ಕೆಲವು ನಿಮಿಷ ಚಿತ್ರ ಹೋಗುವುದೂ ಉಂಟು, ಆಗ ಯಾರೂ ಮಾಡಿಗೆ ಏಣಿ ಹಾಕಬೇಡಿ.

ಮೂರನೆಯ ಸದಸ್ಯರು: ಇದೇ ಡಿಶ್‌ನಿಂದ ಎರಡು ಟಿವಿಗೆ ಕೊಡಬಹುದೇ?

ಉತ್ತರ: ಕೊಡಬಹುದು. ಎರಡು ಕಿಂಡಿಯ ಎಲ್‌ಎನ್‌ಬಿ, ಎರಡು ಕೇಬಲ್, ಎರಡು ಬಾಕ್ಸ್. ಕೇಬಲ್ ಕವಲೊಡೆಸುವ ಐವತ್ತು ರೂಪಾಯಿಯ ತುಂಡು ಬೇಡ.

ಪ್ರಶ್ನೆ ಕೇಳಿದವರು: ತಿರುಚಿದೆ, 71. ನಿನ್ನೆಯ ಮಳೆಗೂ ಹೋಗಲಿಲ್ಲ. ಅಪ್ಪ ವಾರ್ತೆ ನೋಡಿದರು. ಈಗ ಅಮ್ಮ, ಇಡೀ ದಿನ ಅಂಕಿ ಓದಿದ್ದು ತಾನು, ರಿಮೋಟ್ ಮಾತ್ರ ಅವರ ಕೈಯಲ್ಲಿ ಎನ್ನುತ್ತಿದ್ದಾರೆ.

ಉತ್ತರ: ಗಾಳಿ ಮಳೆಗೆ 71 ಸಾಕು. ಎಲ್‌ಎನ್‌ಬಿಯ ಕೇಬಲ್ ಜೋಡಣೆಗೆ ರಬ್ಬರ್ ಟೇಪ್ ಸುತ್ತಿ, ಮನೆಯೊಳಗೆ ಬರುವ ಮುನ್ನ ಕೇಬಲ್ ಒಮ್ಮೆ ಕೆಳಗೆ ಜೋತುಬಿದ್ದು ಮೇಲೇರುವಂತೆ ಬಿಡಿ, ನೀರು ಅಲ್ಲೇ ತೊಟ್ಟಿಕ್ಕುತ್ತದೆ. ರಿಮೋಟಿನ ವ್ಯಾಜ್ಯ ನನ್ನ ವ್ಯಾಪ್ತಿಗೆ ಬರುವುದಿಲ್ಲ.