ಬೈಕಲ್ಲಿ ಲಾಂಗ್ ರೈಡ್ ಹೊಡೆಯುವಾಗ ಕಿವಿಗೆ ಪ್ಲಗ್ ಹಾಕೋದು ಸರಿಯಾ, ತಪ್ಪಾ?

ಸಾಗರದ ಸವಾರ:
ಮೊನ್ನೆ ಬೆಂಗಳೂರಿಂದ ಹುಬ್ಬಳ್ಳಿಗೆ ಬೈಕಲ್ಲಿ ಬಂದೆ. ಹೆದ್ದಾರಿ 48, ಸುಮಾರು 400 ಕಿ.ಮೀ., ಸ್ಪೀಡು 90ರಿಂದ 100. ಮುಂಚೆ ಇದೇ ದಾರಿ ಮುಗಿಸಿ ರಾತ್ರಿ ಮಲಗಿದರೆ ಕಿವಿಯೊಳಗೆ ಜೀರುಂಡೆ ಕೂತ ಹಾಗೆ ಕಿರ್ರೋ ಅನ್ನುತ್ತಿತ್ತು. ಬೆಳಿಗ್ಗೆ ತಿಂಡಿ ತಿನ್ನುವಾಗ ಎದುರಿಗೆ ಕೂತವರ ಮಾತೂ ಮಸುಕಾಗಿ ಕೇಳುತ್ತಿತ್ತು. ಈ ಸಲ ಫೋಮ್ ಇಯರ್ ಪ್ಲಗ್, ಅಂದರೆ ಕಿವಿಯೊಳಗೆ ಇಡುವ ಸ್ಪಂಜಿನ ತುಂಡು ಹಾಕಿಕೊಂಡಿದ್ದೆ. ಕಿರ್ ಇಲ್ಲ, ತಲೆ ಭಾರ ಇಲ್ಲ, ಇಳಿದ ಮೇಲೂ ಮೈಯಲ್ಲಿ ಶಕ್ತಿ ಉಳಿದಿತ್ತು. ಜಾಕೆಟ್, ಗ್ಲೌಸ್, ಬೂಟು ಅಂತ ಸಾವಿರಗಟ್ಟಲೆ ಸುರಿಯುತ್ತೇವೆ, ಕಿವಿಯ ಬಗ್ಗೆ ಯಾರೂ ಮಾತಾಡುವುದಿಲ್ಲ. ಲಾಂಗ್ ಹೋಗುವವರಿಗೆ ಇದು ಹೆಲ್ಮೆಟ್ಟಿನಷ್ಟೇ ಮುಖ್ಯ ಅಂತ ನನ್ನ ಅಭಿಪ್ರಾಯ.

ರೋಡ್‌ಕಿಂಗ್ ಮಾಮ:
"ಹೆಲ್ಮೆಟ್ಟಿನಷ್ಟೇ ಮುಖ್ಯ" ಅಂತೆ! ಹೆಲ್ಮೆಟ್ ಜೀವ ಉಳಿಸುತ್ತದೆ, ಈ ಸ್ಪಂಜು ಜೀವ ತೆಗೆಯುತ್ತದೆ. ನಾನು 1986ರಿಂದ ಓಡಿಸುತ್ತಿದ್ದೇನೆ. ಮೊದಲು ಯೆಜ್ಡಿ, ಈಗ 2020ರ ಬುಲೆಟ್. ಆಗುಂಬೆ ಘಾಟಿಯಲ್ಲಿ 14 ತಿರುವು ಇವೆ. ಮಳೆಗಾಲದಲ್ಲಿ ಮಂಜು ಕವಿದರೆ ತಿರುವಿನ ಆಚೆ ಏನು ಬರುತ್ತಿದೆ ಅಂತ ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಮಾತ್ರ ಗೊತ್ತಾಗುತ್ತದೆ. ಒಂದು ಸಲ ಮಿನಿ ಬಸ್ಸಿನ ಹಾರ್ನ್ ಕೇಳಿಸಿತು ಅಂತ ಗಾಡಿಯನ್ನು ಎಡಕ್ಕೆ, ಮೋಟು ಗೋಡೆಗೆ ತಾಗಿಸಿ ನಿಲ್ಲಿಸಿದೆ. ಮರುಕ್ಷಣ ಬಸ್ಸು ಇಡೀ ತಿರುವನ್ನೇ ತುಂಬಿಕೊಂಡು ಬಂತು. ಅವತ್ತು ಕಿವಿಗೆ ಬತ್ತಿ ತುರುಕಿದ್ದರೆ ಇವತ್ತು ಇಲ್ಲಿ ಬರೆಯುತ್ತಿರಲಿಲ್ಲ. ಘಾಟಿ ಇಳಿಯಬೇಕಾದರೆ ಕಿವಿ ತೆರೆದಿರಬೇಕು, ಸ್ಪೀಡು ಕಡಿಮೆ ಇರಬೇಕು, ಮುಂದಿನ ಬ್ರೇಕ್ ಮುಟ್ಟದೆ ಹಿಂದಿನದರಲ್ಲೇ ಇಳಿಯಬೇಕು. ಇಲ್ಲಿವರೆಗೆ ಒಂದು ಸಲವೂ ಬಿದ್ದಿಲ್ಲ.

ಆಡಿಯೋಗ್ರಾಂ:
"ಕಿವಿಗೆ ಮಾತ್ರ ಗೊತ್ತಾಗುತ್ತದೆ" ಅಂದಿರಲ್ಲ ಸರ್, ಅದಕ್ಕೇ ಆ ಕಿವಿಯನ್ನು ಉಳಿಸಿಕೊಳ್ಳಬೇಕು. ನಾನು ಶ್ರವಣ ಪರೀಕ್ಷೆ ಮಾಡುವ ಕೆಲಸದಲ್ಲಿದ್ದೇನೆ. 100 ಕಿ.ಮೀ. ಸ್ಪೀಡಿನಲ್ಲಿ ಹೆಲ್ಮೆಟ್ಟಿನ ಒಳಗೆ ಬರುವ ಗಾಳಿಯ ಸದ್ದೇ 95 ಡೆಸಿಬಲ್ (ಸದ್ದಿನ ಜೋರನ್ನು ಅಳೆಯುವ ಮಾನ) ದಾಟುತ್ತದೆ. ಅದು ಎಂಜಿನ್ ಸದ್ದಲ್ಲ, ಬರೀ ಗಾಳಿ. ಕೆಲಸಗಾರರ ಆರೋಗ್ಯ, ಸುರಕ್ಷತೆ ನೋಡಿಕೊಳ್ಳುವ ಅಮೆರಿಕದ ನಯೋಶ್ ಸಂಸ್ಥೆ 85 ಡೆಸಿಬಲ್‌ಗೆ ದಿನಕ್ಕೆ 8 ಗಂಟೆ ಅಂತ ಮಿತಿ ಹಾಕಿದೆ. ಆಮೇಲೆ 3 ಡೆಸಿಬಲ್ ಏರಿದ ಹಾಗೆಲ್ಲ ಸಮಯ ಅರ್ಧ. 94ಕ್ಕೆ 1 ಗಂಟೆ, 97ಕ್ಕೆ ಅರ್ಧ ಗಂಟೆ, 100ಕ್ಕೆ 15 ನಿಮಿಷ. ಒಳಗಿವಿಯಲ್ಲಿ ಸದ್ದನ್ನು ಹಿಡಿಯುವ ರೋಮಕೋಶ ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ.
ಇನ್ನು ಹಾರ್ನ್ ವಿಷಯ. ಪ್ಲಗ್ಗು ಗಾಳಿಯನ್ನೂ ತಗ್ಗಿಸುತ್ತದೆ, ಹಾರ್ನನ್ನೂ ತಗ್ಗಿಸುತ್ತದೆ. ಸ್ಪೀಡಿನಲ್ಲಿ ಹಾರ್ನನ್ನು ನುಂಗುವುದು ಗಾಳಿ. ಸದ್ದು ಇಳಿದು ಕಿವಿಗೆ ಹಿತವಾದ ಮಟ್ಟಕ್ಕೆ ಬಂದಾಗ ಹಾರ್ನು ಎಷ್ಟೋ ಸಲ ಇನ್ನೂ ಸ್ಪಷ್ಟವಾಗಿ ಬೇರೆಯಾಗಿ ಕೇಳುತ್ತದೆ.

ತೀರ್ಥಹಳ್ಳಿ ಹುಡುಗ:
ಪ್ಲಗ್ ಕಥೆ ಆಮೇಲೆ. "ಮುಂದಿನ ಬ್ರೇಕ್ ಮುಟ್ಟದೆ ಹಿಂದಿನದರಲ್ಲೇ" ಅಂತ ಬರೆದಿದ್ದಾರೆ ನೋಡಿ, ಇದನ್ನು ಓದಿ ಯಾರಾದರೂ ಹೊಸ ಹುಡುಗ ಹಾಗೇ ಇಳಿದರೆ ಏನು ಗತಿ? ಬ್ರೇಕ್ ಹಿಡಿದ ತಕ್ಷಣ ಗಾಡಿಯ ಭಾರ ಮುಂದಕ್ಕೆ ಬೀಳುತ್ತದೆ. ಇಳಿಜಾರಿನಲ್ಲಂತೂ ಮೊದಲೇ ಮುಂದೆ ಬಿದ್ದಿರುತ್ತದೆ. ಹಿಂದಿನ ಚಕ್ರ ಹಗುರ ಆಗುತ್ತದೆ, ಸ್ವಲ್ಪ ಜಾಸ್ತಿ ಒತ್ತಿದರೆ ಲಾಕ್ ಆಗಿ, ಅಂದರೆ ಉರುಳದೆ ನಿಂತು ಜಾರಿ, ಗಾಡಿಯ ಬಾಲ ತಿರುಗುತ್ತದೆ. ನಿಲ್ಲಿಸುವ ಶಕ್ತಿ ಇರುವುದೇ ಮುಂದಿನ ಚಕ್ರದಲ್ಲಿ. ಇದು ನಾನು ಹೇಳುತ್ತಿರುವುದಲ್ಲ ಮಾರಾಯ್ರೆ, ಯಾವ ರೈಡಿಂಗ್ ಶಾಲೆಗೆ ಹೋದರೂ ಮೊದಲ ದಿನವೇ ಹೇಳಿಕೊಡುತ್ತಾರೆ.

ರೋಡ್‌ಕಿಂಗ್ ಮಾಮ:
"ರೈಡಿಂಗ್ ಶಾಲೆ". ನಮಗೆ ಶಾಲೆ ಇರಲಿಲ್ಲ ತಮ್ಮಾ, ಘಾಟಿಯೇ ಶಾಲೆ. ತಿರುವಿನಲ್ಲಿ ಜಲ್ಲಿ ಬಿದ್ದಿರುತ್ತದೆ, ಮಳೆ ನೀರು ಹರಿಯುತ್ತಿರುತ್ತದೆ, ಹಾವಸೆ ಕಟ್ಟಿರುತ್ತದೆ. ಅಲ್ಲಿ ಮುಂದಿನ ಬ್ರೇಕ್ ಹಿಡಿದವರು ನನ್ನ ಕಣ್ಣೆದುರೇ ಬಿದ್ದಿದ್ದಾರೆ. ಒಬ್ಬರಲ್ಲ, ಮೂವರು. ಮುಂದಿನ ಚಕ್ರ ಜಾರಿದರೆ ಮುಗಿಯಿತು, ಹಿಂದಿನದು ಜಾರಿದರೆ ಕಾಲು ಕೊಟ್ಟು ಸುಧಾರಿಸಬಹುದು. ಅನುಭವ ಇಲ್ಲದವರು ಮಾತ್ರ ಇದಕ್ಕೆ ಎದುರು ಮಾತಾಡುತ್ತಾರೆ.

ಕಾಯ್ದೆ ಕಾನೂನು:
ಎಲ್ಲರಿಗೂ ಒಂದು ಮಾತು. ಪ್ಲಗ್ ಹಾಕಿಕೊಂಡು ಓಡಿಸುವುದು ಕಾನೂನಿಗೆ ವಿರುದ್ಧ. ಇಯರ್‌ಫೋನ್ ಹಾಕಿಕೊಂಡವರನ್ನು ಪೊಲೀಸರು ಹಿಡಿಯುವುದಿಲ್ವಾ? ಮೋಟಾರು ವಾಹನ ಕಾಯ್ದೆ 184ನೇ ಸೆಕ್ಷನ್ ಓದಿ. ಇನ್ನು ಆಡಿಯೋಗ್ರಾಂ ಮೇಡಂ ಅಮೆರಿಕದ ಲೆಕ್ಕ ಕೊಟ್ಟಿದ್ದಾರೆ. ನಮ್ಮ ಕಾರ್ಖಾನೆ ನಿಯಮದಲ್ಲಿ 90 ಡೆಸಿಬಲ್‌ಗೆ 8 ಗಂಟೆ, 100ಕ್ಕೆ 2 ಗಂಟೆ ಅಂತಿದೆ. 15 ನಿಮಿಷ ಎಲ್ಲಿ, 2 ಗಂಟೆ ಎಲ್ಲಿ? ಸುಮ್ನೆ ಜನರನ್ನು ಹೆದರಿಸಬೇಡಿ.

ಆಡಿಯೋಗ್ರಾಂ:
"2 ಗಂಟೆ" ಅಂತ ನೀವೇ ಹೇಳಿದಿರಿ, ಸಂತೋಷ. ಬೆಂಗಳೂರಿಂದ ಹುಬ್ಬಳ್ಳಿಗೆ 6ರಿಂದ 7 ಗಂಟೆ ಬೇಕು. ನಿಮ್ಮ ಲೆಕ್ಕದಲ್ಲೂ ಮಿತಿ ಮೂರು ಪಟ್ಟು ದಾಟಿತು. 184ರಲ್ಲಿ ಇರುವುದು ಅಪಾಯಕಾರಿ ಚಾಲನೆ. ಅದರಲ್ಲಿ ಕೈಯಲ್ಲಿ ಹಿಡಿಯುವ ಸಂಪರ್ಕ ಸಾಧನದ ಮಾತಿದೆ. ಸ್ಪಂಜಿನ ತುಂಡು ಸಂಪರ್ಕ ಸಾಧನ ಅಲ್ಲ, ಅದರಲ್ಲಿ ಹಾಡೂ ಬರುವುದಿಲ್ಲ, ಫೋನೂ ಬರುವುದಿಲ್ಲ.

ತೀರ್ಥಹಳ್ಳಿ ಹುಡುಗ:
"ಹಿಂದಿನದು ಜಾರಿದರೆ ಕಾಲು ಕೊಟ್ಟು ಸುಧಾರಿಸಬಹುದು" ಅಂತ ಬುಲೆಟ್ಟಿನಲ್ಲಿ ಕೂತು ಹೇಳುತ್ತಿದ್ದೀರಾ ಮಾಮ? ಸುಮಾರು 190 ಕೆ.ಜಿ. ಗಾಡಿ ಅದು. ಕಾಲು ಮುರಿಯುತ್ತದೆ.
ಇನ್ನೊಂದು ಕೇಳಿ. 2019ರ ಏಪ್ರಿಲ್‌ನಿಂದ 125 ಸಿಸಿ ಮೇಲಿನ ಹೊಸ ಬೈಕಿಗೆಲ್ಲ ಎಬಿಎಸ್, ಅಂದರೆ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದ ಹಾಗೆ ತಡೆಯುವ ವ್ಯವಸ್ಥೆ ಕಡ್ಡಾಯ. ನಿಮ್ಮ 2020ರ ಬುಲೆಟ್ಟಿಗೂ ಇದೆ. ಆದರೆ ಸಿಂಗಲ್ ಚಾನೆಲ್, ಅಂದರೆ ಮುಂದಿನ ಚಕ್ರಕ್ಕೆ ಮಾತ್ರ. ಹಿಂದೆ ಡ್ರಮ್. ಲಾಕ್ ಆಗದ ಹಾಗೆ ಕಂಪನಿಯವರು ಕಾವಲು ಕೊಟ್ಟಿರುವ ಬ್ರೇಕನ್ನು ನೀವು ಮುಟ್ಟುವುದಿಲ್ಲ, ಕಾವಲೇ ಇಲ್ಲದ ಬ್ರೇಕನ್ನು ಮಾತ್ರ ಒತ್ತುತ್ತೀರಿ. ಇದಕ್ಕೆ ಉತ್ತರ ಕೊಡಿ.

ರೋಡ್‌ಕಿಂಗ್ ಮಾಮ:
ನನ್ನ ಗಾಡಿಯ ತೂಕ ನೀನು ಹೇಳಿಕೊಡಬೇಡ. ಆ ತೂಕವನ್ನು ದಿನಾ ಸ್ಟ್ಯಾಂಡ್ ಹಾಕಿ ತೆಗೆಯುವವನು ನಾನು. ಯೆಜ್ಡಿ ಕಾಲದಲ್ಲಿ ಎರಡೂ ಕಡೆ ಡ್ರಮ್ ಬ್ರೇಕ್ ಇತ್ತು. ಮಳೆಯಲ್ಲಿ ನೀರು ಹೊಕ್ಕರೆ ಮುಂದಿನದು ಮೊದಲು ಹಿಡಿಯುವುದೇ ಇಲ್ಲ, ಆಮೇಲೆ ಒಮ್ಮೆಲೇ ಕಚ್ಚುತ್ತದೆ. ಅದರಲ್ಲಿ ಘಾಟಿ ಇಳಿದು ಕಲಿತವರು ನಾವು. ಎಂಜಿನ್ ಬ್ರೇಕ್ (ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್ನೇ ಗಾಡಿಯನ್ನು ತಡೆಯುವುದು) ಅಂತ ಹೇಳಲು ಬರಬೇಡಿ, ಯೆಜ್ಡಿಯಂಥ ಟೂ ಸ್ಟ್ರೋಕಿನಲ್ಲಿ ಅದು ಇರುವುದೇ ಕಡಿಮೆ. ಪೆಟ್ರೋಲಿಗೇ ಆಯಿಲ್ ಬೆರೆಸಿ ಹಾಕುವ ಗಾಡಿ ಅದು. ಆಕ್ಸಿಲರೇಟರ್ ಪೂರಾ ಬಿಟ್ಟು ಗೇರಲ್ಲೇ ಇಳಿದರೆ ಪೆಟ್ರೋಲ್ ಹೋಗುವುದಿಲ್ಲ, ಪೆಟ್ರೋಲ್ ಹೋಗದಿದ್ದರೆ ಆಯಿಲೂ ಇಲ್ಲ, ಪಿಸ್ಟನ್ ಜಾಮ್. ಅದಕ್ಕೇ ಮಧ್ಯೆ ಮಧ್ಯೆ ಆಕ್ಸಿಲರೇಟರ್ ಕೊಟ್ಟುಕೊಂಡು, ಹಿಂದಿನ ಬ್ರೇಕ್ ಮೇಲೆ ಕಾಲಿಟ್ಟುಕೊಂಡು ಇಳಿಯುತ್ತಿದ್ದೆವು. ಇದೆಲ್ಲ ನಿಮಗೆ ಗೊತ್ತಾ?

ತೀರ್ಥಹಳ್ಳಿ ಹುಡುಗ:
"ಟೂ ಸ್ಟ್ರೋಕಿನಲ್ಲಿ". ಅಲ್ಲಿಗೆ ಬಂತು ನೋಡಿ. ಬುಲೆಟ್ ಫೋರ್ ಸ್ಟ್ರೋಕ್. ಆಯಿಲ್ ಬೇರೆ, ಪೆಟ್ರೋಲ್ ಬೇರೆ. ಎರಡನೇ ಗೇರಿಗೆ ಹಾಕಿ ಆಕ್ಸಿಲರೇಟರ್ ಬಿಟ್ಟರೆ ಎಂಜಿನ್ನೇ ಹಿಡಿದುಕೊಳ್ಳುತ್ತದೆ. ಹಿಂದಿನ ಬ್ರೇಕ್ ಮೇಲೆ 14 ತಿರುವು ಕಾಲಿಟ್ಟೇ ಇಳಿದರೆ ಡ್ರಮ್ ಕಾದು ಲೈನರ್ ಸುಟ್ಟ ವಾಸನೆ ಬರುತ್ತದೆ, ಆಮೇಲೆ ಪೆಡಲ್ ಒತ್ತಿದರೂ ಹಿಡಿಯುವುದಿಲ್ಲ. ಆ ವಾಸನೆ ನಿಮಗೆ ಬಂದಿಲ್ಲ ಅಂತ ಎದೆ ಮುಟ್ಟಿ ಹೇಳಿ.

ಸ್ಕೂಟರ್ ಸವಿತಾ:
ನನ್ನದು 110 ಸಿಸಿ ಸ್ಕೂಟರ್. ಕೊಪ್ಪದಿಂದ ಶೃಂಗೇರಿಗೆ ದಿನಾ ಹೋಗುತ್ತೇನೆ. ಎಡಗೈ ಬ್ರೇಕ್ ಹಿಡಿದರೆ ಹಿಂದೆ ಮುಂದೆ ಎರಡಕ್ಕೂ ಬೀಳುತ್ತದೆ, ಸಿಬಿಎಸ್ ಅಂತಾರೆ. ಜಲ್ಲಿಯಲ್ಲೂ ಬಿದ್ದಿಲ್ಲ. ಇಷ್ಟೆಲ್ಲ ಜಗಳ ಯಾಕೆ?

ರೋಡ್‌ಕಿಂಗ್ ಮಾಮ:
"ಎಡಗೈ ಬ್ರೇಕ್" ಅಂದರೆ ಮೂಲದಲ್ಲಿ ಹಿಂದಿನ ಬ್ರೇಕೇ. ನೋಡಿದಿರಾ, ಸವಿತಾ ಅವರೂ ನನ್ನ ಹಾಗೇ ಓಡಿಸುತ್ತಾರೆ.

ತೀರ್ಥಹಳ್ಳಿ ಹುಡುಗ:
ಎರಡಕ್ಕೂ ಬೀಳುತ್ತದೆ ಅಂತ ಅವರೇ ಬರೆದಿದ್ದಾರೆ! ಹಿಂದಿನದೊಂದೇ ಸಾಕಾಗುವುದಿಲ್ಲ ಅಂತ ತಾನೇ ಎರಡನ್ನೂ ಸೇರಿಸಿ ಕೊಟ್ಟಿರುವುದು? ನಿಮಗೆ ಬೇಕಾದ ಅರ್ಧ ಸಾಲು ಮಾತ್ರ ಓದುತ್ತೀರಿ.

ಸ್ಕೂಟರ್ ಸವಿತಾ:
ನಾನು ಯಾರ ಪಕ್ಷವೂ ಅಲ್ಲ. ನನ್ನ ಹೆಸರು ಎಳೆಯಬೇಡಿ.

ಸಾಗರದ ಸವಾರ:
ಸ್ವಾಮಿ, ನಾನು ಕಿವಿ ಬಗ್ಗೆ ಬರೆದಿದ್ದು. ದಯವಿಟ್ಟು ಬ್ರೇಕಿಗೆ ಬೇರೆ ಚರ್ಚೆ ಶುರು ಮಾಡಿ.

ಕಾಯ್ದೆ ಕಾನೂನು:
ಕಿವಿ ಬಗ್ಗೆಯೇ ಹೇಳುತ್ತೇನೆ. ಒಳ್ಳೆ ಹೆಲ್ಮೆಟ್ ತೆಗೆದುಕೊಂಡರೆ ಪ್ಲಗ್ಗೇ ಬೇಡ. 2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ಮಾರುವ ಹಾಗೇ ಇಲ್ಲ. ರಸ್ತೆ ಬದಿಯ ಅಗ್ಗದ ಟೋಪಿ ಹಾಕಿಕೊಂಡು ಕಿವಿ ಕಿರ್ ಅನ್ನುತ್ತದೆ ಅಂದರೆ ಯಾರ ತಪ್ಪು? ಅಷ್ಟಕ್ಕೂ ಬೈಕಲ್ಲಿ 100 ಯಾಕೆ ಹೊಡೆಯಬೇಕು? ಮೈಸೂರು ಎಕ್ಸ್‌ಪ್ರೆಸ್‌ವೇನಲ್ಲಿ 2023ರ ಆಗಸ್ಟ್‌ನಿಂದ ಬೈಕ್ ಬಿಡುವುದನ್ನೇ ನಿಲ್ಲಿಸಿದ್ದಾರೆ. ನಿಧಾನ ಹೋಗಿ, ಕಿವಿ ತಾನೇ ಉಳಿಯುತ್ತದೆ.

ಸಾಗರದ ಸವಾರ:
"ಅಗ್ಗದ ಟೋಪಿ"? ನನ್ನ ಹೆಲ್ಮೆಟ್ಟಿಗೆ ಐಎಸ್‌ಐ, ಯುರೋಪಿನ ಇಸಿಇ ಎರಡೂ ಗುರುತು ಇದೆ. ತಿಂಗಳ ಸಂಬಳದ ಕಾಲು ಭಾಗ ಕೊಟ್ಟು ತೆಗೆದುಕೊಂಡಿದ್ದೇನೆ. ನೋಡದೆ ಮಾತಾಡಬೇಡಿ.

ಆಡಿಯೋಗ್ರಾಂ:
"ಒಳ್ಳೆ ಹೆಲ್ಮೆಟ್ ಇದ್ದರೆ ಪ್ಲಗ್ಗೇ ಬೇಡ" ಅನ್ನುವುದು ದೊಡ್ಡ ತಪ್ಪು ತಿಳುವಳಿಕೆ. ಹೆಲ್ಮೆಟ್ ತೀಕ್ಷ್ಣ ಸದ್ದನ್ನು ತಡೆಯುತ್ತದೆ. ಗಾಳಿಯ ಗುಡುಗಿನಂಥ ತಗ್ಗಿನ ಸದ್ದು ಕುತ್ತಿಗೆಯ ಕಡೆಯಿಂದ, ಹೆಲ್ಮೆಟ್ಟಿನ ಅದುರಿನಿಂದ ಒಳಗೆ ಬರುತ್ತದೆ. ಎಷ್ಟೇ ದುಬಾರಿ ಹೆಲ್ಮೆಟ್ಟಾದರೂ ಅದನ್ನು ಪೂರ್ತಿ ನಿಲ್ಲಿಸಲಾರದು. ಇನ್ನೊಂದು, ಬೈಕಿಗೆ ಗಿಡ್ಡ ವಿಂಡ್‌ಶೀಲ್ಡ್ ಹಾಕಿಸಿದ್ದರೆ ಅದರ ಅಂಚಿನಿಂದ ಎದ್ದ ಗಾಳಿ ನೇರ ಹೆಲ್ಮೆಟ್ಟಿಗೆ ಬಡಿಯುತ್ತದೆ. ಏನೂ ಇಲ್ಲದ ಗಾಡಿಗಿಂತ ಅದರಲ್ಲೇ ಸದ್ದು ಜಾಸ್ತಿ ಆಗಬಹುದು.
ಪ್ಲಗ್ ಹಾಕುವವರು ಸರಿಯಾಗಿ ಹಾಕಿ. ಬರೀ ತೂತಿನ ಬಾಯಿಗೆ ಇಟ್ಟರೆ ಪ್ರಯೋಜನ ಇಲ್ಲ. ಕೈ ತೊಳೆದುಕೊಂಡು ಬೆರಳ ನಡುವೆ ಉರುಳಿಸಿ ಊದುಬತ್ತಿ ಕಡ್ಡಿಯ ಹಾಗೆ ಸಣ್ಣ ಮಾಡಿ. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಮೇಲಿಂದ ತಂದು ಕಿವಿಯ ತುದಿಯನ್ನು ಮೇಲಕ್ಕೆ, ಸ್ವಲ್ಪ ಹಿಂದಕ್ಕೆ ಎಳೆಯಿರಿ, ಆಗ ಒಳದಾರಿ ನೆಟ್ಟಗಾಗುತ್ತದೆ. ಒಳಗೆ ತಳ್ಳಿ ಅರ್ಧ ನಿಮಿಷ ಬೆರಳಲ್ಲಿ ಒತ್ತಿ ಹಿಡಿಯಿರಿ. ಅದು ಉಬ್ಬಿ ಕೂರುತ್ತಿದ್ದ ಹಾಗೆ ಸುತ್ತಲ ಸದ್ದು ಮೆಲ್ಲಗೆ ದೂರ ಹೋಗುವುದು ಗೊತ್ತಾಗುತ್ತದೆ. ಪ್ಯಾಕೆಟ್ಟಿನ ಮೇಲೆ 29, 33 ಡೆಸಿಬಲ್ ತಗ್ಗಿಸುತ್ತದೆ ಅಂತ ಬರೆದಿರುತ್ತಾರೆ, ಅಷ್ಟು ಎಲ್ಲರಿಗೂ ಸಿಗುವುದಿಲ್ಲ. ಆದರೂ ಕಿವಿ ಉಳಿಸಲು ಸಾಕು. ಆಗಲೇ ಕಿರ್ ಶುರುವಾಗಿದ್ದರೆ ಕಿವಿ ಪರೀಕ್ಷೆ ಮಾಡಿಸಿ, ಮೈಸೂರಿನ ವಾಕ್ ಶ್ರವಣ ಸಂಸ್ಥೆಯಂಥ ಜಾಗ ನಮ್ಮಲ್ಲೇ ಇದೆ.

ರೋಡ್‌ಕಿಂಗ್ ಮಾಮ:
"ಸುತ್ತಲ ಸದ್ದು ದೂರ ಹೋಗುತ್ತದೆ" ಅಂತ ಮೇಡಂ ಅವರೇ ಒಪ್ಪಿಕೊಂಡರು. ನಾನು ಮೊದಲಿಂದ ಹೇಳುತ್ತಿರುವುದೂ ಇದನ್ನೇ. ದೂರ ಹೋದ ಸದ್ದು ಘಾಟಿಯಲ್ಲಿ ಹೇಗೆ ಕೇಳುತ್ತದೆ?

ಆಡಿಯೋಗ್ರಾಂ:
ಸರ್, ಘಾಟಿಯಲ್ಲಿ ನೀವು ಹೋಗುವುದು 25, 30ರಲ್ಲಿ. ಅಲ್ಲಿ ಗಾಳಿ ಸದ್ದೇ ಇಲ್ಲ. ಅಲ್ಲಿ ಬೇಡ ಅನ್ನಿಸಿದರೆ ಮೇಲೆ ನಿಲ್ಲಿಸಿ ತೆಗೆದಿಡಿ, ಹೆದ್ದಾರಿಗೆ ಬಂದ ಮೇಲೆ ಹಾಕಿಕೊಳ್ಳಿ. ನಾನು ಹೇಳುತ್ತಿರುವುದು ಗಂಟೆಗಟ್ಟಲೆ 90, 100ರಲ್ಲಿ ಹೋಗುವವರಿಗೆ.

ತೀರ್ಥಹಳ್ಳಿ ಹುಡುಗ:
ಎಬಿಎಸ್ ಪ್ರಶ್ನೆಗೆ ಮಾಮ ಇನ್ನೂ ಉತ್ತರ ಕೊಟ್ಟಿಲ್ಲ, ಎಲ್ಲರೂ ಗಮನಿಸಿ. ಮೇಲೆ ಹೋಗಿ ಓದಿ. ಮೂರು ಜನ ಬಿದ್ದರು ಅಂದಿರಲ್ಲ, ಅವರು ಬಿದ್ದಿದ್ದು ಮುಂದಿನ ಬ್ರೇಕ್ ಹಿಡಿದದ್ದಕ್ಕಲ್ಲ, ತಿರುವಿನಲ್ಲಿ ಗಾಡಿ ವಾಲಿಸಿದ ಮೇಲೆ ಗಾಬರಿಯಲ್ಲಿ ಗಬಕ್ಕನೆ ಹಿಡಿದದ್ದಕ್ಕೆ. ತಿರುವಿಗೆ ಮುಂಚೆ, ಗಾಡಿ ನೆಟ್ಟಗಿರುವಾಗ, ನಿಂಬೆಹಣ್ಣು ಹಿಂಡುವ ಹಾಗೆ ಮೆಲ್ಲಗೆ ಒತ್ತಡ ಜಾಸ್ತಿ ಮಾಡುತ್ತಾ ಹಿಡಿಯಬೇಕು. ಮುಂದಿನ ಶಾಕು ಕೂತು ಟೈರು ರಸ್ತೆ ಕಚ್ಚಿದ ಮೇಲೆ ಇನ್ನೂ ಗಟ್ಟಿಯಾಗಿ ಹಿಡಿಯಬಹುದು. ಸ್ಪೀಡು ಇಳಿಸಿ, ಬ್ರೇಕ್ ಬಿಟ್ಟು, ಆಮೇಲೆ ತಿರುಗಬೇಕು. ನನ್ನ ಚಿಕ್ಕಪ್ಪನೂ ನಿಮ್ಮ ಹಾಗೇ ಹಿಂದಿನ ಬ್ರೇಕ್ ನಂಬಿದವರು. ದನ ಅಡ್ಡ ಬಂದಾಗ ಹಿಂದಿನದನ್ನೇ ತುಳಿದರು, ಗಾಡಿ ನಿಲ್ಲಲೇ ಇಲ್ಲ. ಈಗ ಮಂಡಿಯಲ್ಲಿ ರಾಡ್ ಇದೆ. ಅದಕ್ಕೇ ಇಷ್ಟು ಕೂಗಾಡುತ್ತಿರುವುದು.

ರೋಡ್‌ಕಿಂಗ್ ಮಾಮ:
ಚಿಕ್ಕಪ್ಪನ ವಿಷಯ ಕೇಳಿ ಬೇಜಾರಾಯಿತು, ಬೇಗ ಗುಣ ಆಗಲಿ. ಆದರೆ ಒಂದು ದನಕ್ಕೆ ನನ್ನ ಇಷ್ಟು ವರ್ಷದ ಸವಾರಿ ಸುಳ್ಳಾಗುವುದಿಲ್ಲ. ಒಣ ರಸ್ತೆಯಲ್ಲಿ, ನೆಟ್ಟಗಿರುವಾಗ, ಮುಂದಿನದನ್ನೂ ಸ್ವಲ್ಪ ಹಿಡಿಯುತ್ತೇನೆ, ಇಲ್ಲ ಅಂತ ನಾನು ಯಾವತ್ತು ಹೇಳಿದೆ? ನಾನು ಹೇಳಿದ್ದು ಘಾಟಿಗೆ.

ಕಾಯ್ದೆ ಕಾನೂನು:
"ಮುಟ್ಟದೆ" ಅಂತ ಮೊದಲು ಬರೆದವರು ನೀವೇ ಮಾಮ. ಈಗ "ಸ್ವಲ್ಪ ಹಿಡಿಯುತ್ತೇನೆ" ಆಯಿತು.

ರೋಡ್‌ಕಿಂಗ್ ಮಾಮ:
ನಿಮಗೆ ಕಾಯ್ದೆ ಗೊತ್ತು, ಬ್ರೇಕ್ ಗೊತ್ತಿಲ್ಲ. ಮಧ್ಯೆ ಬರಬೇಡಿ.

ತೀರ್ಥಹಳ್ಳಿ ಹುಡುಗ:
ಮಾತು ಸಾಕು. ಭಾನುವಾರ ಬೆಳಿಗ್ಗೆ 7ಕ್ಕೆ ತೀರ್ಥಹಳ್ಳಿಗೆ ಬನ್ನಿ, ಊರಾಚೆ ಖಾಲಿ ಮೈದಾನ ಇದೆ. ಒಂದು ಕಲ್ಲು ಇಡೋಣ. 40ರಲ್ಲಿ ಬಂದು ಕಲ್ಲಿನ ಹತ್ತಿರ ನೀವು ಹಿಂದಿನದೊಂದೇ ಹಿಡಿಯಿರಿ, ನಾನು ಎರಡೂ ಹಿಡಿಯುತ್ತೇನೆ. ನಿಮ್ಮ ಬುಲೆಟ್ಟಲ್ಲೇ ಇಬ್ಬರೂ ಮಾಡೋಣ. ಎಲ್ಲಿ ನಿಂತಿತು ಅಂತ ಹೆಜ್ಜೆ ಎಣಿಸೋಣ. ಜಾಕೆಟ್ಟು, ಮಂಡಿ ಗಾರ್ಡು ನಾನು ತರುತ್ತೇನೆ.

ರೋಡ್‌ಕಿಂಗ್ ಮಾಮ:
ನನ್ನ ಬುಲೆಟ್ ಯಾರಿಗೂ ಕೊಡುವುದಿಲ್ಲ. ಬರುತ್ತೇನೆ, ನಿನ್ನ ಗಾಡಿ ನೀನು ತಾ. ಸಾಗರದವರೂ ಬರಲಿ, ಆ ಸ್ಪಂಜು ಹಾಕಿಕೊಂಡೇ ಓಡಿಸಲಿ. ಹಿಂದಿನಿಂದ ನಾನು ಹಾರ್ನ್ ಹೊಡೆಯುತ್ತೇನೆ. ಕೇಳಿಸಿದರೆ ಕೈ ಎತ್ತಲಿ.

ಸಾಗರದ ಸವಾರ:
ಬರುತ್ತೇನೆ. ಆದರೆ 40ರಲ್ಲಿ ಅಲ್ಲ, ಹೆದ್ದಾರಿಯಲ್ಲಿ 90ರಲ್ಲಿ ಹೊಡೆಯಿರಿ. ಮೊದಲು ಪ್ಲಗ್ ಇಲ್ಲದೆ, ಆಮೇಲೆ ಹಾಕಿಕೊಂಡು. ಎರಡು ಸಲವೂ ನೋಡೋಣ.