ಕಡಿಮೆ ಹಣದಲ್ಲಿ ಮನೆಯನ್ನು ಅಂದಗೊಳಿಸುವುದಾದರೆ ಮೊದಲು ಯಾವುದಕ್ಕೆ ಖರ್ಚು ಮಾಡಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾವಿಬ್ಬರು ಇತ್ತೀಚೆಗೆ ಬಾಡಿಗೆ ಮನೆಯೊಂದಕ್ಕೆ ಬಂದಿದ್ದೇವೆ. ಹಜಾರ ಸುಮಾರು 3 ಮೀಟರ್ ಅಗಲ, 4 ಮೀಟರ್ ಉದ್ದವಿದ್ದು, ಒಂದು ಬದಿಯಲ್ಲಿ ಮಾತ್ರ ಕಿಟಕಿಯಿದೆ. ಇರುವ ಸಾಮಾನುಗಳು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆಯವರಿಂದ ಬಂದವು: ಕಂದು ಬಟ್ಟೆಯ ದೊಡ್ಡ ಸೋಫಾ, ಕಪ್ಪು ಲ್ಯಾಮಿನೇಟ್ ಹೊದಿಸಿದ ಕಪಾಟು, ಎತ್ತರದ ಪುಸ್ತಕದ ಶೆಲ್ಫು ಮತ್ತು ಒಂದು ಟೀಪಾಯಿ. ಬಿಡಿಬಿಡಿಯಾಗಿ ನೋಡಿದರೆ ಯಾವುದಕ್ಕೂ ಕೊರತೆಯಿಲ್ಲ, ಆದರೆ ಒಟ್ಟಾಗಿ ನೋಡಿದಾಗ, ಅದರಲ್ಲೂ ಸಂಜೆ ದೀಪ ಹಾಕಿದ ಮೇಲೆ, ಕೋಣೆ ಕಳೆಗುಂದಿದಂತೆ ಕಾಣುತ್ತದೆ.

ಮನೆಯ ಮಾಲೀಕರು ಗೋಡೆಗೆ ಬಣ್ಣ ಬಳಿಯಲು ಒಪ್ಪಿದ್ದಾರೆ, ಹೊಸದಾಗಿ ರಂಧ್ರ ಕೊರೆಯಬಾರದು ಎಂದಿದ್ದಾರೆ. ನಾವು ಎತ್ತಿಟ್ಟಿರುವ ಹಣ ಒಂದು ಹೊಸ ಸೋಫಾಗೆ ಸಾಕಾಗಬಹುದು, ಇಲ್ಲವೇ ಹಲವು ಸಣ್ಣ ಬದಲಾವಣೆಗಳಿಗೆ ಸಾಕಾಗಬಹುದು; ಎರಡಕ್ಕೂ ಸಾಲದು. ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಮುಂದಕ್ಕೆ ಹಾಕಬಹುದು ಎಂಬುದನ್ನು ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1

ಕೈಯಲ್ಲಿರುವ ಹಣ ಕಡಿಮೆಯಾದಷ್ಟೂ ಅದನ್ನು ಯಾವ ಕ್ರಮದಲ್ಲಿ ಖರ್ಚು ಮಾಡುತ್ತೇವೆ ಎಂಬುದು ಮುಖ್ಯವಾಗುತ್ತದೆ. ಆದ್ದರಿಂದ ಸೋಫಾದ ವಿಚಾರವನ್ನು ಸದ್ಯಕ್ಕೆ ಬದಿಗಿಡಿ. ಮೊದಲ ಹಂತಕ್ಕೆ ಖರ್ಚೇ ಇಲ್ಲ. ಹಜಾರದ ಸಣ್ಣ ಸಾಮಾನುಗಳನ್ನೆಲ್ಲ ಬೇರೆ ಕೋಣೆಗೆ ಸಾಗಿಸಿ, ದೊಡ್ಡವನ್ನು ಮಾತ್ರ ಉಳಿಸಿಕೊಂಡು, ಗೋಡೆಗಳ ಉದ್ದ, ಕಿಟಕಿಯ ಅಗಲ ಮತ್ತು ಎತ್ತರ, ಬಾಗಿಲು ತೆರೆದಾಗ ಹಿಡಿಯುವ ಜಾಗ, ಪ್ಲಗ್ ಪಾಯಿಂಟ್‌ಗಳು ಎಲ್ಲೆಲ್ಲಿವೆ ಎಂಬುದು, ಇಷ್ಟನ್ನೂ ಕಾಗದದ ಮೇಲೆ ಗುರುತು ಮಾಡಿಕೊಳ್ಳಿ. ಒಂದು ಮೀಟರಿಗೆ 5 ಸೆಂ.ಮೀ. ಎಂದು ಲೆಕ್ಕ ಹಿಡಿದರೆ ನಿಮ್ಮ ಹಜಾರ 15 ಸೆಂ.ಮೀ. ಅಗಲ, 20 ಸೆಂ.ಮೀ. ಉದ್ದದ ಆಯತವಾಗಿ ಒಂದು ಎ4 ಹಾಳೆಯೊಳಗೆ ಹಿಡಿಸುತ್ತದೆ.

ಜನ ಸರಾಗವಾಗಿ ಓಡಾಡಲು 75ರಿಂದ 90 ಸೆಂ.ಮೀ. ದಾರಿ ಬೇಕು, ಸೋಫಾಗೂ ಟೀಪಾಯಿಗೂ ನಡುವೆ 40ರಿಂದ 45 ಸೆಂ.ಮೀ. ಇದ್ದರೆ ಕಾಲು ಚಾಚಲೂ ಆಗುತ್ತದೆ, ಕೈಗೂ ಎಟುಕುತ್ತದೆ. ಈಗ ನಿಮ್ಮ ಹಜಾರದ ಅಗಲವನ್ನೇ ತೆಗೆದುಕೊಳ್ಳಿ. ಸೋಫಾದ ಆಳ 90, ಅದರ ಮುಂದೆ ಬಿಟ್ಟ ಜಾಗ 45, ಟೀಪಾಯಿಯ ಅಗಲ 60 ಎಂದುಕೊಂಡರೆ 195 ಸೆಂ.ಮೀ. ಆಯಿತು. ಎದುರು ಗೋಡೆಗೆ 40 ಸೆಂ.ಮೀ. ಆಳದ ಕಪಾಟು ನಿಲ್ಲಿಸಿದರೆ ನಡೆಯಲು ಉಳಿಯುವುದು ಕೇವಲ 65. ಕೋಣೆ ಇಕ್ಕಟ್ಟೆನಿಸುವುದಕ್ಕೆ ಅನೇಕ ಸಲ ಇಷ್ಟೇ ಕಾರಣವಿರುತ್ತದೆ. ಅದೇ ಕಪಾಟನ್ನು ಕಿಟಕಿಯಿಲ್ಲದ ಕಿರಿದಾದ ಗೋಡೆಗೆ ಸರಿಸಿದರೆ ದಾರಿ ಒಂದು ಮೀಟರಿಗಿಂತ ಅಗಲವಾಗುತ್ತದೆ.

ಭಾರದ ಸಾಮಾನುಗಳನ್ನು ಎಳೆದಾಡುವ ಮೊದಲು ಹಳೆಯ ಪತ್ರಿಕೆಗಳನ್ನು ಟೇಪಿನಿಂದ ಜೋಡಿಸಿ, ಪ್ರತಿಯೊಂದು ಸಾಮಾನಿನ ಅಡಿಯಳತೆಗೆ ಕತ್ತರಿಸಿ, ನೆಲದ ಮೇಲೆ ಹಾಸಿ ನೋಡಿ. ಒಂದೆರಡು ದಿನ ಅದರ ಸುತ್ತಲೇ ಓಡಾಡಿದರೆ ಎಲ್ಲಿ ತಾಗುತ್ತದೆ, ಎಲ್ಲಿ ಸಲೀಸಾಗಿದೆ ಎಂಬುದು ಕಾಲಿಗೇ ಗೊತ್ತಾಗುತ್ತದೆ. ಹೊಸದಾಗಿ ಏನನ್ನಾದರೂ ಕೊಳ್ಳುವ ಮುನ್ನವೂ ಇದೇ ಪರೀಕ್ಷೆ ಮಾಡಿರೆಂದು ನಾನು ಒತ್ತಿ ಹೇಳುತ್ತೇನೆ. ಅಂಗಡಿಯ ವಿಶಾಲ ಜಾಗದಲ್ಲಿ ಚಿಕ್ಕದಾಗಿ ಕಂಡ ಮೇಜು ಮನೆಯಲ್ಲಿ ದೊಡ್ಡದಾಗಿಬಿಡುವುದು ತೀರಾ ಸಾಮಾನ್ಯ.

ಉತ್ತರ 2

ಮೇಲಿನವರು ಹೇಳಿದ್ದು ಸರಿ. ಅಳತೆ ಮತ್ತು ಜೋಡಣೆ ಮುಗಿದ ಮೇಲೆ ಮೊದಲ ಖರ್ಚು ಬೆಳಕಿಗಾಗಲಿ. ‘ಸಂಜೆ ದೀಪ ಹಾಕಿದ ಮೇಲೆ’ ಎಂದು ನೀವೇ ಬರೆದಿದ್ದೀರಿ, ಕಾರಣ ಅಲ್ಲಿಯೇ ಇದೆ. ಚಾವಣಿಯ ನಡುವೆ ಒಂದೇ ಪ್ರಖರವಾದ ಬಿಳಿ ದೀಪವಿದ್ದರೆ ಕೋಣೆಯ ಎಲ್ಲ ಭಾಗಗಳೂ ಒಂದೇ ಸಮನೆ ಬೆಳಗುತ್ತವೆ. ನೆರಳಿನ ಏರಿಳಿತವಿಲ್ಲದೆ ಬಟ್ಟೆಯ ನೇಯ್ಗೆಯಾಗಲಿ ಮರದ ಗೆರೆಗಳಾಗಲಿ ಎದ್ದು ಕಾಣುವುದಿಲ್ಲ.

ಬಲ್ಬಿನ ಡಬ್ಬಿಯ ಮೇಲೆ ಬೆಳಕಿನ ಬಣ್ಣವನ್ನು ಕೆಲ್ವಿನ್ ಲೆಕ್ಕದಲ್ಲಿ ಮುದ್ರಿಸಿರುತ್ತಾರೆ. 2700ರಿಂದ 3000 ಕೆಲ್ವಿನ್ ಎಂದರೆ ಹಳದಿ ಬೆರೆತ ಬೆಚ್ಚನೆಯ ಬೆಳಕು, 4000 ಎಂದರೆ ತಟಸ್ಥ ಬಿಳಿ, 6500 ಎಂದರೆ ನೀಲಿ ಛಾಯೆಯ ತಣ್ಣನೆಯ ಬಿಳಿ. ಕೂತು ಮಾತನಾಡುವ ಹಜಾರಕ್ಕೆ ಮೊದಲನೆಯದು ಒಪ್ಪುತ್ತದೆ. ಒಂದೇ ಕೋಣೆಯಲ್ಲಿ ಎರಡು ಬಗೆಯ ಬೆಳಕನ್ನು ಬೆರೆಸಬೇಡಿ. ಒಂದು ಮೂಲೆ ಹಳದಿಯಾಗಿ, ಇನ್ನೊಂದು ನೀಲಿಯಾಗಿ ಕಂಡರೆ ಎಷ್ಟು ಒಳ್ಳೆಯ ಸಾಮಾನಿದ್ದರೂ ಹೊಂದಾಣಿಕೆ ತಪ್ಪುತ್ತದೆ.

ಇದಕ್ಕಿಂತ ಕಡಿಮೆ ಜನ ಗಮನಿಸುವ ಮತ್ತೊಂದು ಸಂಖ್ಯೆಯಿದೆ, ಅದೇ ಸಿಆರ್‌ಐ. ವಸ್ತುಗಳ ನಿಜವಾದ ಬಣ್ಣವನ್ನು ಆ ಬೆಳಕು ಎಷ್ಟು ನಿಷ್ಠೆಯಿಂದ ತೋರಿಸುತ್ತದೆ ಎಂಬುದರ ಅಳತೆ ಅದು, ಗರಿಷ್ಠ 100. ಅಗ್ಗದ ಎಲ್‌ಇಡಿ ಬಲ್ಬುಗಳು ಸಾಮಾನ್ಯವಾಗಿ 80ರ ಆಸುಪಾಸಿನಲ್ಲಿರುತ್ತವೆ, ಮತ್ತು ಅವುಗಳಲ್ಲಿ ಗಾಢ ಕೆಂಪು ಸರಿಯಾಗಿ ಮೂಡುವುದಿಲ್ಲ. ಕಂದು ಬಣ್ಣದಲ್ಲಿ ಕೆಂಪಿನ ಅಂಶ ಇರುವುದರಿಂದ ನಿಮ್ಮ ಸೋಫಾ ಸಂಜೆ ಮಣ್ಣುಮಣ್ಣಾಗಿ ಕಾಣುತ್ತಿರಬಹುದು. 90 ಅಥವಾ ಅದಕ್ಕಿಂತ ಹೆಚ್ಚಿನ ಸಿಆರ್‌ಐ ಇರುವ ಬಲ್ಬುಗಳನ್ನು ಹಾಕಿ ನೋಡಿ, ಆಮೇಲೆ ಸೋಫಾ ಬದಲಿಸುವ ವಿಚಾರ ಮಾಡಿ.

ಚಾವಣಿಯ ದೀಪವನ್ನು ಕಸ ಗುಡಿಸುವುದಕ್ಕೂ ಕಳೆದದ್ದನ್ನು ಹುಡುಕುವುದಕ್ಕೂ ಇಟ್ಟುಕೊಂಡು, ಸಂಜೆಯ ಹೊತ್ತಿಗೆ ಬೇರೆ ಬೇರೆ ಎತ್ತರದಲ್ಲಿ ಎರಡು ಮೂರು ದೀಪಗಳನ್ನು ಇಡುವುದು ಉತ್ತಮ: ಸೋಫಾದ ಪಕ್ಕದಲ್ಲಿ ನಿಲ್ಲುವ ದೀಪ, ಶೆಲ್ಫಿನ ಮೇಲೊಂದು, ಕಪಾಟಿನ ಮೇಲೊಂದು. ಪ್ಲಗ್ಗಿಗೆ ಸಿಕ್ಕಿಸುವ ದೀಪಗಳಾದ್ದರಿಂದ ಗೋಡೆ ಕೊರೆಯುವ ಪ್ರಶ್ನೆಯೂ ಇಲ್ಲ, ಮನೆ ಬದಲಿಸಿದಾಗ ಜೊತೆಗೇ ಬರುತ್ತವೆ. ಕೂತವರ ಕಣ್ಣಿಗೆ ಬಲ್ಬು ನೇರವಾಗಿ ಹೊಡೆಯದಂತೆ ದೀಪದ ಮುಸುಕಿನ ಕೆಳ ಅಂಚು ಕಣ್ಣಿನ ಮಟ್ಟಕ್ಕೆ ಬರಲಿ. ಹಳೆಯ 60 ವಾಟ್ ಬಲ್ಬು ಕೊಡುತ್ತಿದ್ದ ಸುಮಾರು 800 ಲ್ಯೂಮೆನ್ ಬೆಳಕನ್ನು ಈಗ 8–9 ವಾಟಿನ ಎಲ್‌ಇಡಿ ಕೊಡುತ್ತದೆ, ಹಾಗಾಗಿ ದೀಪಗಳ ಸಂಖ್ಯೆ ಹೆಚ್ಚಾದರೂ ವಿದ್ಯುತ್ ಖರ್ಚಿನ ಚಿಂತೆ ಬೇಡ.

ಉತ್ತರ 3

ಬೆಳಕಿನ ಜೊತೆಗೇ ಬಣ್ಣವನ್ನೂ ಸೇರಿಸುತ್ತೇನೆ, ಏಕೆಂದರೆ ಮಾಲೀಕರ ಒಪ್ಪಿಗೆ ಸಿಕ್ಕಿರುವುದು ದೊಡ್ಡ ಅನುಕೂಲ. ಒಂದು ಡಬ್ಬಿ ಬಣ್ಣ ಆವರಿಸುವಷ್ಟು ಜಾಗವನ್ನು ಅದೇ ಹಣದ ಬೇರಾವ ವಸ್ತುವೂ ಆವರಿಸುವುದಿಲ್ಲ. ಆದರೆ ಗೋಡೆಯಲ್ಲಿ ತೇವವಿದ್ದರೆ ಅದನ್ನು ಮೊದಲು ಸರಿಪಡಿಸಲೇಬೇಕು. ಒದ್ದೆ ಗೋಡೆಯ ಮೇಲೆ ಬಳಿದ ಬಣ್ಣ ಗುಳ್ಳೆಯೆದ್ದು ಸಿಪ್ಪೆಯಾಗಿ ಕಳಚುತ್ತದೆ. ಗೋಡೆ ಏರುತಗ್ಗಾಗಿದ್ದರೆ ಹೊಳಪಿಲ್ಲದ ಮ್ಯಾಟ್ ಬಣ್ಣ ಆರಿಸಿಕೊಳ್ಳಿ. ಹೊಳಪಿನ ಬಣ್ಣ ಒರೆಸಲು ಸುಲಭವಾದರೂ ಪ್ರತಿಯೊಂದು ಉಬ್ಬುತಗ್ಗನ್ನೂ ಎತ್ತಿ ತೋರಿಸುತ್ತದೆ.

ಬಣ್ಣದ ಪಟ್ಟಿಯ ಬೆರಳಗಲದ ಚೌಕ ನೋಡಿ ತೀರ್ಮಾನಿಸಬಾರದು. ಮಾದರಿಯ ಸಣ್ಣ ಡಬ್ಬಿ ತಂದು, ದೊಡ್ಡ ರಟ್ಟಿನ ಮೇಲೆ ಎರಡು ಸಲ ಬಳಿದು, ಒಣಗಿದ ನಂತರ ಅದನ್ನು ಕಿಟಕಿಯ ಪಕ್ಕ, ಕಿಟಕಿಯ ಎದುರು, ಕತ್ತಲ ಮೂಲೆ ಹೀಗೆ ಜಾಗ ಬದಲಿಸುತ್ತಾ ಬೆಳಿಗ್ಗೆ ಮತ್ತು ರಾತ್ರಿ ಎರಡೂ ಹೊತ್ತು ನೋಡಿ. ಬಲ್ಬುಗಳನ್ನು ಬದಲಿಸಿದ ಮೇಲೆಯೇ ಈ ಪರೀಕ್ಷೆ ನಡೆಯಲಿ, ಏಕೆಂದರೆ ಬೆಳಕು ಬದಲಾದರೆ ಬಣ್ಣವೂ ಬದಲಾಗುತ್ತದೆ.

ನಿಮ್ಮ ಕಪ್ಪು ಕಪಾಟಿಗೆ ನನ್ನ ಸಲಹೆಯೆಂದರೆ, ಅದಕ್ಕೂ ಪುಸ್ತಕದ ಶೆಲ್ಫಿಗೂ ಗೋಡೆಯ ಬಣ್ಣವನ್ನೇ ಬಳಿಯಿರಿ. ಆಗ ಅವೆರಡೂ ಗೋಡೆಯ ಭಾಗದಂತೆ ಹಿಂದೆ ಸರಿಯುತ್ತವೆ, ಸೋಫಾ ಒಂದೇ ಮುಂದೆ ನಿಲ್ಲುತ್ತದೆ, ಕೋಣೆಯ ಗದ್ದಲ ಅರ್ಧಕ್ಕರ್ಧ ಇಳಿಯುತ್ತದೆ. ಲ್ಯಾಮಿನೇಟ್ ನುಣುಪಾಗಿರುವುದರಿಂದ ಬಣ್ಣ ನೇರವಾಗಿ ಹಿಡಿಯದು. ಮೊದಲು ಎಣ್ಣೆಯ ಜಿಡ್ಡು ಹೋಗುವಂತೆ ಸೋಪಿನ ನೀರಿನಿಂದ ಒರೆಸಿ, ನಯವಾದ ಸ್ಯಾಂಡ್ ಪೇಪರಿನಿಂದ ಹೊಳಪು ಹೋಗುವಷ್ಟು ಮಾತ್ರ ಉಜ್ಜಿ, ಧೂಳು ತೆಗೆದು, ನುಣುಪು ಮೇಲ್ಮೈಗೆಂದೇ ಬರುವ ಪ್ರೈಮರ್ ಹಾಕಿ, ಅದು ಪೂರ್ತಿ ಒಣಗಿದ ಮೇಲೆ ಮರಕ್ಕೆ ಬಳಸುವ ಎನಾಮೆಲ್ ಬಣ್ಣವನ್ನು ತೆಳುವಾಗಿ ಎರಡು ಸಲ ಬಳಿಯಿರಿ. ಗೋಡೆಯ ಬಣ್ಣದ ಸಂಖ್ಯೆಯನ್ನೇ ಕೊಟ್ಟರೆ ಎನಾಮೆಲಿನಲ್ಲೂ ಅದೇ ಛಾಯೆಯನ್ನು ಬೆರೆಸಿಕೊಡುತ್ತಾರೆ. ಹಿಡಿಗಳನ್ನೂ ಬದಲಿಸಿದರೆ ಕಪಾಟಿನ ಗುರುತೇ ಸಿಗುವುದಿಲ್ಲ. ಹಳೆಯ ಹಿಡಿಯ ಎರಡು ತಿರುಪುಗಳ ನಡುವಣ ಅಂತರವನ್ನು ಅಳೆದುಕೊಂಡು ಹೋಗಿ, ಇಲ್ಲವಾದರೆ ಹೊಸ ತೂತು ಕೊರೆಯಬೇಕಾಗುತ್ತದೆ.

ಕಿಟಕಿಗೆ ಪರದೆಯ ವಿಚಾರದಲ್ಲಿ ಬಟ್ಟೆಯ ಗುಣಕ್ಕಿಂತ ಬಟ್ಟೆಯ ಪ್ರಮಾಣ ಮುಖ್ಯ. ಕಂಬಿಯ ಉದ್ದದ ಎರಡರಷ್ಟಾದರೂ ಬಟ್ಟೆಯಿದ್ದರೆ ನೆರಿಗೆ ತುಂಬಿಕೊಂಡು ಬೀಳುತ್ತದೆ. ದುಬಾರಿ ಬಟ್ಟೆಯನ್ನು ಜಿಪುಣತನದಿಂದ ಹೊಲಿಸುವುದಕ್ಕಿಂತ ಸಾದಾ ಹತ್ತಿ ಬಟ್ಟೆಯನ್ನು ಧಾರಾಳವಾಗಿ ಬಳಸುವುದು ಎಷ್ಟೋ ಮೇಲು. ಅಗಲವಾದ ಹತ್ತಿಯ ಹೊದಿಕೆಗಳಿಂದಲೂ ಪರದೆ ಮಾಡಬಹುದು. ನಡುವೆ ಜೋಡಣೆಯಿಲ್ಲದ ಅಷ್ಟಗಲದ ಬಟ್ಟೆ, ನಾಲ್ಕೂ ಅಂಚು ಹೊಲಿದೇ ಸಿಗುತ್ತದೆ. ಮೇಲ್ತುದಿಗೆ ಕಂಬಿ ತೂರುವಷ್ಟು ಮಡಿಕೆ ಹಾಕಿದರೆ ಸಾಕು. ಹೊಲಿಯುವ ಮೊದಲು ಒಮ್ಮೆ ಒಗೆದುಬಿಡಿ, ಹತ್ತಿ ಕುಗ್ಗುತ್ತದೆ. ಉದ್ದ ನೆಲಕ್ಕೆ ಒಂದು ಸೆಂ.ಮೀ. ಮೇಲಕ್ಕೆ ನಿಲ್ಲಲಿ. ಕಿಟಕಿಯ ಅರ್ಧಕ್ಕೆ ನಿಂತ ಪರದೆ ಚಾವಣಿಯನ್ನೇ ತಗ್ಗಿಸಿದಂತೆ ತೋರಿಸುತ್ತದೆ.

ಪ್ರಶ್ನೆ ಕೇಳಿದವರು

ಇಷ್ಟು ವಿವರವಾಗಿ ಬರೆದಿರುವುದಕ್ಕೆ ಮೂವರಿಗೂ ಕೃತಜ್ಞತೆಗಳು. ಕಪಾಟನ್ನು ಕಿರಿದಾದ ಗೋಡೆಗೆ ಸರಿಸಿದೆವು, ಓಡಾಟ ಈಗಲೇ ಸಲೀಸಾಗಿದೆ. ಇನ್ನೆರಡು ಸಂದೇಹಗಳಿವೆ. ಸೋಫಾವನ್ನು ಮುಂದೆಂದಾದರೂ ಬದಲಿಸುವುದಾದರೆ ಬಳಸಿದ್ದನ್ನು ಕೊಳ್ಳುವುದು ಜಾಣತನವೇ? ಗೋಡೆ ಕೊರೆಯದೆ ಚಿತ್ರಗಳನ್ನೂ ಒಂದು ಕನ್ನಡಿಯನ್ನೂ ಹೇಗೆ ಹಾಕುವುದು?

ಉತ್ತರ 4

ಮೊದಲ ಸಂದೇಹಕ್ಕೆ ಉತ್ತರಿಸುತ್ತೇನೆ. ಮರದ ಸಾಮಾನನ್ನು ಬಳಸಿದ್ದೇ ಕೊಳ್ಳಿ ಎಂದು ಧೈರ್ಯವಾಗಿ ಹೇಳಬಲ್ಲೆ. ಬಟ್ಟೆ ಹೊದಿಸಿದ ಸಾಮಾನಿನಲ್ಲಿ ಮಾತ್ರ ಎಚ್ಚರ ಬೇಕು. ಸೋಫಾದ ಹೊಲಿಗೆಯ ಸಂದು ಮತ್ತು ಕೆಳಗಿನ ಬಟ್ಟೆಯನ್ನು ಟಾರ್ಚ್ ಹಾಕಿ ನೋಡಿ. ಸೂಜಿ ಮೊನೆಯಷ್ಟು ಕಪ್ಪು ಚುಕ್ಕೆಗಳು ಸಾಲಾಗಿ ಕಂಡರೆ ಅದು ತಿಗಣೆಯ ಗುರುತು, ಎಷ್ಟೇ ಅಗ್ಗವಾದರೂ ಅಲ್ಲಿಂದ ಹಿಂತಿರುಗಿ. ಚೌಕಟ್ಟು ಗಟ್ಟಿಯೇ ಎಂದು ತಿಳಿಯಲು ಮುಂದಿನ ಒಂದು ಮೂಲೆಯನ್ನು ಸುಮಾರು 15 ಸೆಂ.ಮೀ. ಮೇಲಕ್ಕೆತ್ತಿ: ಅಷ್ಟರೊಳಗೆ ಮುಂದಿನ ಇನ್ನೊಂದು ಕಾಲೂ ನೆಲ ಬಿಟ್ಟಿರಬೇಕು. ಅದು ನೆಲಕ್ಕೇ ಅಂಟಿಕೊಂಡಿದ್ದರೆ ಚೌಕಟ್ಟು ತಿರುಚಿಕೊಳ್ಳುತ್ತಿದೆ ಎಂದರ್ಥ. ಚೌಕಟ್ಟು ಗಟ್ಟಿಯಿದ್ದು ಬಟ್ಟೆ ಮಾತ್ರ ಸವೆದಿದ್ದರೆ ಹೊಸ ಹೊದಿಕೆ ಹೊಲಿಸಬಹುದು. ಈ ಪರೀಕ್ಷೆಯನ್ನು ನಿಮ್ಮಲ್ಲಿರುವ ಸೋಫಾಗೇ ಮೊದಲು ಮಾಡಿ. ಅದು ಗೆದ್ದರೆ ಬದಲಿಸುವ ಅಗತ್ಯವೇ ಬಾರದು.

ಮೇಜು, ಕುರ್ಚಿಗಳಲ್ಲಿ ಗಟ್ಟಿಮರವನ್ನು ಗುರುತಿಸುವ ಒಂದು ದಾರಿಯೆಂದರೆ ಮೇಲ್ಹಲಗೆಯ ಗೆರೆಗಳು ಅಂಚಿನಲ್ಲಿಯೂ ಮುಂದುವರಿಯುತ್ತವೆಯೇ ಎಂದು ನೋಡುವುದು. ಮೇಲೆ ಒಂದು ವಿನ್ಯಾಸ, ಅಂಚಿನಲ್ಲಿ ಬೇರೊಂದು ಪಟ್ಟಿ ಇದ್ದರೆ ಅದು ತೆಳು ಹೊದಿಕೆಯ ಹಲಗೆ. ಡ್ರಾಯರುಗಳನ್ನು ಹೊರಗೆಳೆದು, ಮೂಲೆಗಳಲ್ಲಿ ಕೀಲು ಕೂಡಿಸಿದ್ದಾರೋ ಬರೀ ಪಿನ್ನು ಹೊಡೆದಿದ್ದಾರೋ ಗಮನಿಸಿ. ಸಣ್ಣ ದುಂಡು ತೂತುಗಳ ಕೆಳಗೆ ಹೊಸದಾಗಿ ಉದುರಿದ ಹಿಟ್ಟಿನಂಥ ಪುಡಿ ಇದ್ದರೆ ಒಳಗೆ ಹುಳು ಇನ್ನೂ ಕೆಲಸ ಮಾಡುತ್ತಿದೆ. ತುಂಬ ಹಳೆಯ ಬಣ್ಣದಲ್ಲಿ ಸೀಸವಿರುವ ಸಾಧ್ಯತೆ ಇರುವುದರಿಂದ ಅದನ್ನು ಒಣದಾಗಿ ಉಜ್ಜಿ ಧೂಳೆಬ್ಬಿಸಬಾರದು, ಮಕ್ಕಳಿರುವ ಮನೆಯಲ್ಲಂತೂ ಖಂಡಿತ ಬೇಡ.

ಅಗ್ಗವಾದದ್ದು ಅಂದವಾಗಿರಲಾರದು ಎಂಬ ಭಾವನೆ ಹಲವರಲ್ಲಿದೆ, ಅದನ್ನು ನಾನು ಒಪ್ಪುವುದಿಲ್ಲ. 1859ರಲ್ಲಿ ಥೋನೆಟ್ ಸಂಸ್ಥೆ ಹೊರತಂದ 14ನೇ ಸಂಖ್ಯೆಯ ಕುರ್ಚಿಯನ್ನು ನೋಡಿ. ಆವಿಯಲ್ಲಿ ಬಗ್ಗಿಸಿದ ಬೀಚ್ ಮರದ ಆರು ತುಂಡುಗಳು, ಹತ್ತು ತಿರುಪುಗಳು, ಎರಡು ನಟ್ಟುಗಳು, ಅಷ್ಟೇ. ಬಿಡಿಭಾಗಗಳಾಗಿ ಕಳಚಿದರೆ ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ 36 ಕುರ್ಚಿಗಳು ಹಿಡಿಸುತ್ತಿದ್ದವು. ಸಾಮಾನ್ಯ ಜನರಿಗೆ ಎಟುಕಲೆಂದೇ ರೂಪಿಸಿದ ಆ ಕುರ್ಚಿ ಇಂದಿಗೂ ತಯಾರಾಗುತ್ತಿದೆ, ಅದರ ಬಾಗು ಇಂದಿಗೂ ಕಣ್ಣಿಗೆ ಹಿತವಾಗಿದೆ.

ಉತ್ತರ 2 ಬರೆದವರು

ಎರಡನೆಯ ಸಂದೇಹಕ್ಕೆ ನನ್ನ ಉತ್ತರ. ಉದ್ದನೆಯ ಕನ್ನಡಿಯನ್ನು ನೇತುಹಾಕದೆ ನೆಲದ ಮೇಲೆ ಗೋಡೆಗೆ ಒರಗಿಸಿ, ಬುಡ ಜಾರದಂತೆ ರಬ್ಬರ್ ಪಟ್ಟಿ ಕೊಡಿ. ಚಿಕ್ಕ ಮಕ್ಕಳು ಬರುವ ಮನೆಯಾದರೆ ಒರಗಿಸುವುದೂ ಬೇಡ, ಕಪಾಟಿನ ಬಾಗಿಲಿಗೇ ಅಂಟಿಸುವ ಹಗುರ ಕನ್ನಡಿ ಸಾಕು. ಕಿಟಕಿಯ ಎದುರಿಗೋ ಪಕ್ಕದ ಗೋಡೆಗೋ ಇಟ್ಟರೆ ಹಗಲಿನ ಬೆಳಕು ಕೋಣೆಯ ಒಳಭಾಗಕ್ಕೂ ಹರಿಯುತ್ತದೆ. ಇಡುವ ಮುನ್ನ ಆ ಜಾಗದಲ್ಲಿ ನಿಂತು ಕನ್ನಡಿಯಲ್ಲಿ ಏನು ಕಾಣುತ್ತದೆ ಎಂದು ನೋಡಿಕೊಳ್ಳಿ, ಅಸ್ತವ್ಯಸ್ತವಾದ ಮೂಲೆಯಿದ್ದರೆ ಅದೂ ಎರಡಾಗುತ್ತದೆ.

ಚಿತ್ರಗಳ ನಡುಭಾಗ ನೆಲದಿಂದ 145ರಿಂದ 150 ಸೆಂ.ಮೀ. ಎತ್ತರದಲ್ಲಿರಲಿ. ಸೋಫಾದ ಮೇಲೆ ಹಾಕುವುದಾದರೆ ಬೆನ್ನಿನಿಂದ 15–20 ಸೆಂ.ಮೀ. ಮೇಲೆ, ಒಟ್ಟು ಅಗಲ ಸೋಫಾದ ಮೂರನೇ ಎರಡರಷ್ಟು ಇರುವಂತೆ ಜೋಡಿಸಿದರೆ ಅವು ಗೋಡೆಯಲ್ಲಿ ತೇಲಿದಂತೆ ಕಾಣುವುದಿಲ್ಲ. ಹಗುರವಾದ ಚೌಕಟ್ಟುಗಳಿಗೆ, ಎಳೆದು ತೆಗೆಯಬಹುದಾದ ಅಂಟುಪಟ್ಟಿಗಳು ಸಾಕಾಗುತ್ತವೆ. ಚೌಕಟ್ಟನ್ನು ತೂಕ ಮಾಡಿ, ಪಟ್ಟಿಯ ಮೇಲೆ ಬರೆದಿರುವ ಮಿತಿಯೊಳಗಿದೆಯೇ ಎಂದು ನೋಡಿ. ಮುಟ್ಟಿದರೆ ಕೈಗೆ ಪುಡಿ ಹತ್ತುವ ಗೋಡೆಯಲ್ಲಿ ಅವು ನಿಲ್ಲುವುದಿಲ್ಲ. ಹೊಸದಾಗಿ ಬಣ್ಣ ಬಳಿದಿದ್ದರೆ ಕನಿಷ್ಠ ಒಂದು ವಾರ ಬಿಟ್ಟು ಅಂಟಿಸಿ, ಮನೆ ಬಿಡುವಾಗ ಪಟ್ಟಿಯ ಬಾಲವನ್ನು ಗೋಡೆಗೆ ಒತ್ತಿಕೊಂಡಂತೆಯೇ ನಿಧಾನವಾಗಿ ಕೆಳಕ್ಕೆ ಎಳೆಯಿರಿ. ಮುಂದಕ್ಕೆ ಎಳೆದರೆ ಬಣ್ಣವೂ ಕಿತ್ತು ಬರುತ್ತದೆ.