ಪಿ1 ಟ್ರಾನ್ಸ್‌ಡಕ್ಷನ್: ದೂರ ಸಿಕ್ಕಿತು, ಜೀನ್ ಯಾವ ಕಡೆ ಇದೆ?

ಪ್ರಶ್ನೆ
ನನ್ನ ಇ. ಕೋಲೈ ಬ್ಯಾಕ್ಟೀರಿಯಾದ ಮ್ಯುಟೆಂಟ್ (ಒಂದು ಜೀನ್ ಬದಲಾದ ತಳಿ) 30 ಡಿಗ್ರಿಯಲ್ಲಿ ಬೆಳೆಯುತ್ತದೆ, 42ರಲ್ಲಿ ಇಲ್ಲ. ಆ ಜೀನಿನ ಹತ್ತಿರ ಟಿಎನ್10 (ಟೆಟ್ರಾಸೈಕ್ಲಿನ್ ತಡೆಯುವ ಶಕ್ತಿ ಕೊಡುವ ಡಿಎನ್ಎ ತುಂಡು) ಕೂತಿದೆ. ಇದರಲ್ಲಿ ಬೆಳೆಸಿದ ಪಿ1 ಫೇಜನ್ನು (ಒಂದು ಬ್ಯಾಕ್ಟೀರಿಯಾದ ಡಿಎನ್ಎ ತುಂಡನ್ನು ಇನ್ನೊಂದಕ್ಕೆ ಒಯ್ಯುವ ವೈರಸ್; ಹೀಗೆ ಒಯ್ಯುವುದೇ ಟ್ರಾನ್ಸ್‌ಡಕ್ಷನ್) ಲ್ಯೂಸಿನ್ ಮಾಡಿಕೊಳ್ಳಲಾಗದ ತಳಿಗೆ ಹಾಕಿ, 30 ಡಿಗ್ರಿಯಲ್ಲೇ ಟೆಟ್ರಾಸೈಕ್ಲಿನ್ ಪ್ಲೇಟಿನಿಂದ 200 ಕಾಲೊನಿ ಆರಿಸಿದೆ. 84ಕ್ಕೆ ನನ್ನ ಮ್ಯುಟೇಷನ್ ಬಂದಿದೆ, 30ಕ್ಕೆ ಲ್ಯೂಸಿನ್ ಜೀನ್ ಬಂದು ಈಗ ಹೊರಗಿನ ಲ್ಯೂಸಿನ್ ಬೇಡ. ಎರಡೂ ಬಂದವು 28. ಜೀನ್ ಟಿಎನ್10ರ ಯಾವ ಕಡೆ ಇದೆ? ಇನ್ನೊಂದು ವಿಷಯ, ಹೊಸ ಪ್ಲೇಟಿನಲ್ಲಿ ಮತ್ತೆ ಗೀಚಿ ಹರಡಿದಾಗ ಕೆಲವು ಕಾಲೊನಿಗಳ ಅಂಚು ಯಾರೋ ಕಚ್ಚಿದ ಹಾಗಿದೆ.

ಉತ್ತರ 1
ಅಂಚು ಹಾಗಾಗಿದ್ದರೆ ಫೇಜ್ ಇನ್ನೂ ಉಳಿದಿದೆ. ಪಿ1 ಅಂಟಿಕೊಳ್ಳಲು ಕ್ಯಾಲ್ಸಿಯಂ ಬೇಕು, ಸೋಡಿಯಂ ಸಿಟ್ರೇಟ್ ಅದನ್ನು ಹಿಡಿದಿಡುತ್ತದೆ. ಸಿಟ್ರೇಟ್ ಪ್ಲೇಟಿನಲ್ಲಿ ಎರಡು ಸಲ ಗೀಚಿ, ಆಮೇಲೆ ಪರೀಕ್ಷಿಸಿ.

ಉತ್ತರ 2
ಮೊದಲು ದೂರ. 84/200 ಅಂದರೆ 0.42. ವೂ ಸೂತ್ರದ ಪ್ರಕಾರ ಒಟ್ಟಿಗೆ ಬರುವ ಪ್ರಮಾಣ = (1 − ದೂರ/2)³. ಪಿ1 ಹೊರುವ ತುಂಡು ಸುಮಾರು 2 ನಿಮಿಷದಷ್ಟು ಉದ್ದ (ನಿಮಿಷ ಅಂದರೆ ಇಲ್ಲಿ ಜೀನ್ ನಕ್ಷೆಯ ಅಳತೆ), ಅದಕ್ಕೇ ಆ 2. ಟಿಎನ್10ರಿಂದ ನಿಮ್ಮ ಜೀನಿಗೆ ದೂರ ಅರ್ಧ ನಿಮಿಷ ಬರುತ್ತದೆ. ಲ್ಯೂಸಿನ್ ಜೀನಿಗೆ, 30/200ರಿಂದ, ಸುಮಾರು 0.9 ನಿಮಿಷ. ಆದರೆ ಈ ಅಂಕಿಗಳನ್ನು ಅಂದಾಜು ಅಂತಲೇ ಇಟ್ಟುಕೊಳ್ಳಿ. ಕ್ರಮ ಹೇಳುವುದು ಬೇರೆಯೇ ಲೆಕ್ಕ.

ಲ್ಯೂಸಿನ್ ಬಂದ 30ರಲ್ಲಿ 28ಕ್ಕೆ ನಿಮ್ಮ ಮ್ಯುಟೇಷನ್ ಕೂಡ ಬಂದಿದೆ. ಲ್ಯೂಸಿನ್ ಮಾತ್ರ ಬಂದವು ಬರೀ 2, ಅಲ್ವಾ? ಇಷ್ಟು ಅಪರೂಪ ಯಾಕೆ? ನಿಮ್ಮ ಜೀನ್ ನಡುವೆ ಇದ್ದರೆ, ಎರಡು ತುದಿ ದಾನಿಯದಾಗಿ (ಫೇಜ್ ತಂದದ್ದಾಗಿ) ಮಧ್ಯದ್ದು ಮಾತ್ರ ಹಳೆಯದೇ ಉಳಿಯಲು ಡಿಎನ್ಎ ನಾಲ್ಕು ಕಡೆ ಅದಲುಬದಲಾಗಬೇಕು. ಉಳಿದ ಗುಂಪುಗಳಿಗೆ ಎರಡೇ ಸಾಕು. ಹಾಗಾಗಿ ಕ್ರಮ: ಟಿಎನ್10, ನಿಮ್ಮ ಜೀನ್, ಲ್ಯೂಸಿನ್. ಟಿಎನ್10 ನಡುವೆ ಇದ್ದಿದ್ದರೆ ಇಷ್ಟು ಅಪರೂಪದ ಗುಂಪೇ ಕಾಣುತ್ತಿರಲಿಲ್ಲ.

ಇಷ್ಟೆಲ್ಲ ನಿಂತಿರುವುದು ಆ 2 ಕಾಲೊನಿಗಳ ಮೇಲೆ. ಅವನ್ನೇ ಮೊದಲು ಸಿಟ್ರೇಟಿನಲ್ಲಿ ಶುದ್ಧ ಮಾಡಿ, ಒಂಟಿ ಕಾಲೊನಿ ಎತ್ತಿ ಮತ್ತೆ ನೋಡಿ. ಪಕ್ಕದ ಕಾಲೊನಿ ಸ್ವಲ್ಪ ತಾಗಿದ್ದರೂ 42ರಲ್ಲಿ ಬೆಳೆದಂತೆ ಕಾಣುತ್ತದೆ. ನನಗೂ ಒಮ್ಮೆ ಹೀಗೇ ಆಗಿ ಒಂದು ವಾರ ಹೋಯಿತು.

ಪ್ರಶ್ನೆ ಕೇಳಿದವರು
ಗೀಚಿ ನೋಡಿದೆ. ಒಂದು ನಿಜಕ್ಕೂ ಬೆರಕೆ, ಒಂಟಿ ಕಾಲೊನಿಗಳಲ್ಲಿ ಕೆಲವು 42ರಲ್ಲಿ ಬೆಳೆಯಲೇ ಇಲ್ಲ. ಇನ್ನೊಂದರಿಂದ ಎತ್ತಿದ ಎಂಟೂ ಚೆನ್ನಾಗಿ ಬೆಳೆದವು, ಲ್ಯೂಸಿನ್ ಇಲ್ಲದೆಯೂ. 2 ಇದ್ದದ್ದು 1 ಆಯಿತು, ಕ್ರಮ ಹಾಗೇ ಇದೆ. ಇನ್ನೂ 200 ಆರಿಸುತ್ತಿದ್ದೇನೆ.